ಹಾಡಿಗೂ ಕಾರ್ಖಾನೆಗೂ ಏನು ಸಂಬಂಧ?

ಮಾನ್ಯ ಓದುಗರೇ,

ಕಳೆದ ಸಂಚಿಕೆಯ ಚೀನಾ ಕುರಿತ ಲೇಖನವನ್ನು ಓದಿ ತಾವು ಬರೆದ ದೀರ್ಘ ಪತ್ರ ತಲುಪಿದೆ. ಚೀನಾವನ್ನು ಆಧುನಿಕಗೊಳಿಸಿದ್ದು ಕಾರ್ಖಾನೆ, ಬಂದರು, ವಿದ್ಯುತ್ತು ಮತ್ತು ಕಮ್ಯುನಿಸ್ಟ್ ಪಕ್ಷದ ಯೋಜನೆಗಳೇ ಹೊರತು ಹಾಡು, ಟಿ.ವಿ. ಕಾರ್ಯಕ್ರಮಗಳಲ್ಲ, ಹೊಟ್ಟೆ ತುಂಬಿದ ಮೇಲೆ ಬಂದ ಮನರಂಜನೆಗೆ ಅಷ್ಟು ಪುಟ ಕೊಟ್ಟದ್ದು ಸರಿಯಲ್ಲ ಎಂಬುದು ತಮ್ಮ ಆಕ್ಷೇಪ. ಅಲ್ಲಿನ ಜನಪ್ರಿಯ ಸಂಸ್ಕೃತಿಯೆಲ್ಲ ಸರ್ಕಾರದ ಕೈಗೊಂಬೆಯಲ್ಲವೇ ಎಂದೂ ಕೇಳಿದ್ದೀರಿ.

ಮಾವೊ ನಂತರ ಚೀನಾದ ಚುಕ್ಕಾಣಿ ಹಿಡಿದ ಡೆಂಗ್ ಷಿಯಾವೊಪಿಂಗ್ 1978ರ ನಂತರ ಕೈಗೆತ್ತಿಕೊಂಡ ನಾಲ್ಕು ಆಧುನೀಕರಣಗಳು ಕೃಷಿ, ಕೈಗಾರಿಕೆ, ರಕ್ಷಣೆ ಮತ್ತು ವಿಜ್ಞಾನ-ತಂತ್ರಜ್ಞಾನ. ಆ ಪಟ್ಟಿಯಲ್ಲಿ ಹಾಡಿಗೆ ಜಾಗವಿರಲಿಲ್ಲ ಎಂಬುದು ನಿಜ. ಆದರೆ ‘ಹೊಟ್ಟೆ ತುಂಬಿದ ಮೇಲೆ’ ಎಂಬ ಮಾತು ಇತಿಹಾಸಕ್ಕೆ ಹೊಂದುವುದಿಲ್ಲ. ಜನ ಧಾನ್ಯಕ್ಕೂ ಬಟ್ಟೆಗೂ ರೇಷನ್ ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದ ದಿನಗಳಲ್ಲೇ ಹಾಂಗ್‌ಕಾಂಗ್ ಕಡೆಯಿಂದ ಗುವಾಂಗ್‌ಡಾಂಗ್ ಪ್ರಾಂತ್ಯಕ್ಕೆ ಕ್ಯಾಸೆಟ್ಟುಗಳು ಕಳ್ಳದಾರಿಯಲ್ಲಿ ಬರತೊಡಗಿದ್ದವು.

ಅದಕ್ಕೂ ಮುಂಚೆ, ಮಾವೊ ಹೂಡಿದ ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ (1966–76), ಜನರ ಕಿವಿಗೆ ಬೀಳುತ್ತಿದ್ದುದು ಕ್ರಾಂತಿಗೀತೆಗಳು ಮತ್ತು ಸರ್ಕಾರ ಒಪ್ಪಿದ ಬೆರಳೆಣಿಕೆಯ ‘ಮಾದರಿ’ ನಾಟಕಗಳ ಹಾಡುಗಳು ಮಾತ್ರ. ಹಳ್ಳಿ ಹಳ್ಳಿಯಲ್ಲೂ ಕಂಬಕ್ಕೆ ಕಟ್ಟಿದ ಧ್ವನಿವರ್ಧಕ ಅವನ್ನು ಕೇಳಿಸುತ್ತಿತ್ತು. ಅದನ್ನು ನಿಲ್ಲಿಸುವ ಗುಂಡಿ ಕೇಳುವವರ ಕೈಯಲ್ಲಿರಲಿಲ್ಲ. ಟೇಪ್ ರೆಕಾರ್ಡರಿನೊಂದಿಗೆ ಆ ಗುಂಡಿ ಮನೆಯೊಳಕ್ಕೆ ಬಂತು. ತೈವಾನಿನ ಗಾಯಕಿ ಟೆರೇಸಾ ಟೆಂಗ್ ಮೆಲುದನಿಯಲ್ಲಿ ಹಾಡಿದ ಪ್ರೇಮಗೀತೆಗಳು ಟೇಪಿನಿಂದ ಟೇಪಿಗೆ ನಕಲಾಗುತ್ತ ಎಷ್ಟು ಹರಡಿದವೆಂದರೆ, ಆಕೆಯ ಮನೆತನದ ಹೆಸರು ಟೆಂಗ್ ಕೂಡ ಚೀನೀ ಉಚ್ಚಾರದಲ್ಲಿ ಡೆಂಗ್ ಆದುದರಿಂದ, ಹಗಲು ಹಿರಿಯ ಡೆಂಗ್‌ನ ಆಳ್ವಿಕೆ, ಇರುಳು ಕಿರಿಯ ಡೆಂಗ್‌ಳ ಆಳ್ವಿಕೆ ಎಂದು ಜನ ಆಡಿಕೊಂಡರು. ತನ್ನ ಸುಖದುಃಖ ತನ್ನದು, ಅದನ್ನು ಹೇಳಿಕೊಳ್ಳಲು ದೇಶದ ಗುರಿಯ ನೆಪ ಬೇಕಿಲ್ಲ ಎಂದು ಬಗೆಯುವವರೇ ಮುಂದೆ ಊರು ಬಿಟ್ಟು ಹಾಂಗ್‌ಕಾಂಗ್ ಗಡಿಯ ಹೊಸ ಕೈಗಾರಿಕಾ ನಗರ ಶೆನ್‌ಜೆನ್‌ನ ಕಾರ್ಖಾನೆಗೆ ಹೊರಡುತ್ತಾರೆ, ಸ್ವಂತದ ಅಂಗಡಿ ತೆರೆಯುತ್ತಾರೆ. ಹಾಡು ಅಂಥವರನ್ನು ಹುಟ್ಟಿಸಿತೆಂದು ನಾನು ಹೇಳುತ್ತಿಲ್ಲ. ಆದರೆ ಸುಧಾರಣೆಗೆ ಯಂತ್ರಗಳಷ್ಟೇ ಅಗತ್ಯವಾಗಿದ್ದ ಈ ಮನೋಭಾವಕ್ಕೆ ಮೊದಲು ದನಿ ಸಿಕ್ಕಿದ್ದು ಯೋಜನಾ ಕಡತಗಳಲ್ಲಿ ಅಲ್ಲ, ಕ್ಯಾಸೆಟ್ಟಿನಲ್ಲಿ.

ಇದು ಹೊರಗಿನಿಂದ ಬಂದ ಸರಕೆಂದು ತಾವು ಬರೆದಿರುವುದು ಅರ್ಧ ಮಾತ್ರ ನಿಜ. 1930ರ ದಶಕದ ಶಾಂಘೈನಲ್ಲಿ ಗ್ರಾಮಫೋನ್, ಸಿನಿಮಾ, ಸಚಿತ್ರ ಪತ್ರಿಕೆಗಳ ದೊಡ್ಡ ಉದ್ಯಮವೇ ಇತ್ತು. 1949ರಲ್ಲಿ ಕಮ್ಯುನಿಸ್ಟರು ಅಧಿಕಾರಕ್ಕೆ ಬಂದ ನಂತರ ಅದರಲ್ಲಿದ್ದ ಹಲವರು ಹಾಂಗ್‌ಕಾಂಗಿಗೆ ಸರಿದರು. ಕ್ಯಾಸೆಟ್ಟಿನ ರೂಪದಲ್ಲಿ ಮರಳಿ ಬಂದದ್ದು ಆ ಉದ್ಯಮದ್ದೇ ವಂಶ.

ಇನ್ನು ಕೈಗೊಂಬೆಯ ಪ್ರಶ್ನೆ. 1980ರ ಸುಮಾರಿಗೆ ಗಾಯಕಿ ಲಿ ಗುಯಿ ಹಾಡಿದ ‘ಷಿಯಾಂಗ್ ಲಿಯನ್’ ಎಂಬ ಗೀತೆ, ಉಸಿರಿನ ಸದ್ದು ಕೇಳುವಂತೆ ಹಾಡಿದ್ದರಿಂದಲೇ ಅಶ್ಲೀಲವೆಂಬ ಟೀಕೆಗೆ ಗುರಿಯಾಗಿ ಪ್ರಸಾರದಿಂದ ದೂರವಾಗಿತ್ತು. 1983ರ ಫೆಬ್ರವರಿ 12ರಂದು, ಚೀನೀ ಹೊಸ ವರ್ಷದ ಹಿಂದಿನ ರಾತ್ರಿ, ಕೇಂದ್ರ ಟೆಲಿವಿಷನ್ ತನ್ನ ವಸಂತೋತ್ಸವದ ಕಾರ್ಯಕ್ರಮವನ್ನು ನೇರ ಪ್ರಸಾರ ಮಾಡಿತು ಮತ್ತು ಪ್ರೇಕ್ಷಕರು ತಮಗೆ ಬೇಕಾದ ಹಾಡಿಗಾಗಿ ದೂರವಾಣಿಯ ಮೂಲಕ ಕೋರಿಕೆ ಸಲ್ಲಿಸಬಹುದೆಂದಿತು. ಮನೆಯಲ್ಲಿ ದೂರವಾಣಿ ಇದ್ದವರೇ ಅಪರೂಪವಾಗಿದ್ದ ಆ ಕಾಲದಲ್ಲೂ ಕರೆಗಳು ಒಂದೇ ಸಮನೆ ಬಂದವು. ಮತ್ತೆ ಮತ್ತೆ ಕೋರಿದ್ದು ಲಿ ಗುಯಿಯ ಅದೇ ಹಾಡನ್ನು. ಅಲ್ಲೇ ಇದ್ದ ಸಚಿವರು ಹಿಂದುಮುಂದು ನೋಡಿ, ಕೊನೆಗೆ ಒಪ್ಪಿದರು. ಅದೇ ವರ್ಷದ ಕೊನೆಯಲ್ಲಿ ‘ಆಧ್ಯಾತ್ಮಿಕ ಮಾಲಿನ್ಯ’ದ ವಿರುದ್ಧ ಪಕ್ಷ ಆಂದೋಲನ ಹೂಡಿದಾಗ ಉದ್ದಗೂದಲು, ಬೆಲ್‌ಬಾಟಂ, ಪ್ರೇಮಗೀತೆ ಎಲ್ಲವೂ ಅನುಮಾನಕ್ಕೆ ಒಳಗಾದವು. ಆದರೆ ಆರ್ಥಿಕ ಸುಧಾರಣೆಗೇ ಧಕ್ಕೆಯಾದೀತೆಂದು ಅಂಜಿದ ನಾಯಕರು ಕೆಲವೇ ತಿಂಗಳಲ್ಲಿ ಅದನ್ನು ತಣ್ಣಗಾಗಿಸಿದರು. ಹಾಡಿಗೂ ಕಾರ್ಖಾನೆಗೂ ಸಂಬಂಧವಿಲ್ಲವೆನ್ನುವ ತಮ್ಮ ವಾದವನ್ನು ಆ ನಾಯಕರೇ ಒಪ್ಪುತ್ತಿರಲಿಲ್ಲವೇನೋ!

ಹಾಗೆಂದು ಇದನ್ನು ಜನರ ಗೆಲುವಿನ ಕಥೆಯೆಂದು ಬರೆಯುವುದೂ ನನಗೆ ಒಪ್ಪಿಗೆಯಿಲ್ಲ. 2005ರಲ್ಲಿ ಹುನಾನ್ ಟಿ.ವಿ.ಯ ಗಾಯನ ಸ್ಪರ್ಧೆಯಲ್ಲಿ ಲಿ ಯುಚುನ್ ಎಂಬ ಯುವತಿ ಸುಮಾರು 35 ಲಕ್ಷ ಎಸ್ಸೆಮ್ಮೆಸ್ ಮತಗಳಿಂದ ಗೆದ್ದಾಗ, ಇದು ಪ್ರಜಾಪ್ರಭುತ್ವದ ತಾಲೀಮು ಎಂದು ಹೊಗಳಿದವರುಂಟು. ಆ ಮತಗಳಿಗೆ ಪ್ರೇಕ್ಷಕರು ದುಡ್ಡು ತೆತ್ತಿದ್ದರು, ಸ್ಪರ್ಧೆಯ ಹೆಸರಿನಲ್ಲೇ ಡೈರಿ ಕಂಪನಿಯೊಂದರ ಮೊಸರಿನ ಪ್ರಚಾರವಿತ್ತು. ಹೆಣ್ಣೆಂದರೆ ಹೀಗೇ ಇರಬೇಕೆಂಬ ಕಟ್ಟಳೆಗೆ ಒಗ್ಗದ ಆಕೆಯ ಕತ್ತರಿಸಿದ ಕೂದಲು, ಗಂಡುಡುಗೆ ಲಕ್ಷಾಂತರ ಹುಡುಗಿಯರಿಗೆ ಮೆಚ್ಚುಗೆಯಾದದ್ದು ನನ್ನ ದೃಷ್ಟಿಯಲ್ಲಿ ಮತದ ಲೆಕ್ಕಕ್ಕಿಂತ ದೊಡ್ಡ ಸಂಗತಿ. 2021ರಲ್ಲಿ ಸರ್ಕಾರ ಇಂಥ ತಾರಾ ಆಯ್ಕೆಯ ಸ್ಪರ್ಧೆಗಳನ್ನೂ ‘ಹೆಣ್ಣಿಗ’ರಂತೆ ಕಾಣುವ ನಟರನ್ನೂ ಪರದೆಯಿಂದ ದೂರವಿಡಲು ಆದೇಶಿಸಿತು. ತಮ್ಮ ಎರಡನೆಯ ಪ್ರಶ್ನೆಗೆ ಆ ಆದೇಶವನ್ನೇ ಉತ್ತರವಾಗಿ ಮುಂದಿಡುತ್ತೇನೆ: ಕೈಗೊಂಬೆಯೇ ಆಗಿದ್ದರೆ ಅದನ್ನು ಹೀಗೆ ಮತ್ತೆ ಮತ್ತೆ ಹದ್ದುಬಸ್ತಿನಲ್ಲಿಡುವ ಅಗತ್ಯವೇ ಬೀಳುತ್ತಿರಲಿಲ್ಲ.

— ಸಂಪಾದಕ