ಯಾರ ಪರ ಬಂದ ದೆವ್ವ?

ಓದುಗರ ಪತ್ರ: “ಕಳೆದ ಸಂಚಿಕೆಯಲ್ಲಿ ನೀವು ಪ್ರಕಟಿಸಿದ ಕತೆಯಲ್ಲಿ, ಗಡಿಯಲ್ಲಿ ಸತ್ತ ಸೈನಿಕನೊಬ್ಬ ರಜೆಗೆಂದು ಮನೆಗೆ ಬಂದು, ಹೆಂಡತಿ ಬಡಿಸಿದ ಊಟ ಮಾಡಿ, ಬೆಳಗಾಗುವಷ್ಟರಲ್ಲಿ ಇಲ್ಲವಾಗುತ್ತಾನೆ. ಯುದ್ಧವೇ ಬೇಕಾದಷ್ಟು ಭೀಕರ. ಅದಕ್ಕೆ ದೆವ್ವದ ಒಗ್ಗರಣೆ ಏಕೆ? ಮಕ್ಕಳನ್ನು ಕಳೆದುಕೊಂಡ ಮನೆಗಳ ದುಃಖವನ್ನು ರೋಮಾಂಚನಕ್ಕೆ ಬಳಸುವುದು ಸತ್ತವರಿಗೆ ಮಾಡುವ ಅವಮಾನ. ಯುದ್ಧದ ಬಗ್ಗೆ ಬರೆಯುವುದಿದ್ದರೆ ನಡೆದದ್ದನ್ನು ಬರೆಯಿರಿ.” — ನಿವೃತ್ತ ಅಧ್ಯಾಪಕರೊಬ್ಬರು, ಶಿವಮೊಗ್ಗ

ಮಾನ್ಯರೇ,

ಕತೆ ಚೆನ್ನಾಗಿಲ್ಲ ಎಂದು ಬರೆಯುವವರು ಅನೇಕರು. ಇಂಥ ಕತೆ ಏಕಾದರೂ ಇರಬೇಕು ಎಂದು ಕೇಳುವವರು ಅಪರೂಪ. ನೀವು ಬುಡಕ್ಕೇ ಕೈಹಾಕಿದ್ದೀರಿ. ನಾಲ್ಕು ಸಾಲಿನಲ್ಲಿ ಮುಗಿಸುವ ಮನಸ್ಸಾಗದೆ ಉದ್ದಕ್ಕೇ ಉತ್ತರಿಸುತ್ತಿದ್ದೇನೆ.

ನಿಮ್ಮ ಆಕ್ಷೇಪದಲ್ಲಿ ಸತ್ಯವಿಲ್ಲವೆಂದು ಹೇಳಲಾರೆ. ಹಿಟ್ಲರನ ಸೇನೆ ಮಾಟಮಂತ್ರ ಮಾಡಿ ಹೆಣಗಳನ್ನು ಎಬ್ಬಿಸಿತು ಎಂಬಂಥ ಸಿನಿಮಾಗಳು ರಾಶಿ ರಾಶಿ ಬಂದಿವೆ. ನನಗೂ ಅವು ಬೇಡ. ಜನರನ್ನು ಸಾವಿನ ಶಿಬಿರಕ್ಕೆ ಸಾಗಿಸಿದ ರೈಲಿನ ವೇಳಾಪಟ್ಟಿ ಬರೆದವನು ಒಬ್ಬ ಗುಮಾಸ್ತ. ಸಂಜೆ ಮನೆಗೆ ಹೋಗಿ ಮಕ್ಕಳ ಜೊತೆ ಉಂಡವನು. ಪಾಪವನ್ನು ಪಿಶಾಚಿಯ ತಲೆಗೆ ಕಟ್ಟಿದರೆ ಅಂಥವನು ನುಣುಚಿಕೊಳ್ಳುತ್ತಾನೆ. ಇಷ್ಟರ ಮಟ್ಟಿಗೆ ನಿಮ್ಮ ಮಾತು ಒಪ್ಪಿದೆ. ಇಲ್ಲಿಂದ ಮುಂದಕ್ಕೆ ನಿಮ್ಮ ಜೊತೆ ಬರಲಾರೆ.

“ನಡೆದದ್ದನ್ನು ಬರೆಯಿರಿ” ಎಂದಿರಲ್ಲ, ಅಲ್ಲಿಂದಲೇ ಶುರುಮಾಡುತ್ತೇನೆ. 1914ರ ಸೆಪ್ಟೆಂಬರ್ 29ರಂದು ಲಂಡನ್ನಿನ ‘ಈವ್ನಿಂಗ್ ನ್ಯೂಸ್’ ಪತ್ರಿಕೆಯಲ್ಲಿ ಪುಟ್ಟ ಕತೆಯೊಂದು ಬಂತು. ಬರೆದವನು ಅದೇ ಪತ್ರಿಕೆಯಲ್ಲಿ ದುಡಿಯುತ್ತಿದ್ದ ವೇಲ್ಸ್ ಮೂಲದ ಆರ್ಥರ್ ಮ್ಯಾಕೆನ್. ಅದಕ್ಕೆ ಒಂದು ತಿಂಗಳ ಹಿಂದೆ, ಮೊದಲ ಮಹಾಯುದ್ಧದ ಆರಂಭದಲ್ಲಿ, ಬೆಲ್ಜಿಯಮ್ಮಿನ ಮೋನ್ಸ್ ಎಂಬಲ್ಲಿ ಬ್ರಿಟಿಷ್ ಸೇನೆ ಜರ್ಮನ್ನರ ಒತ್ತಡ ತಾಳಲಾರದೆ ಹಿಮ್ಮೆಟ್ಟಿತ್ತು. ಕತೆಯಲ್ಲಿ, ಇನ್ನು ಉಳಿಗಾಲವಿಲ್ಲ ಎಂದುಕೊಂಡ ಒಬ್ಬ ಸೈನಿಕನಿಗೆ ಲಂಡನ್ನಿನ ಸಸ್ಯಾಹಾರಿ ಹೋಟೆಲೊಂದರ ತಟ್ಟೆ ನೆನಪಾಗುತ್ತದೆ. ಆ ತಟ್ಟೆಯ ಮೇಲೆ ನೀಲಿ ಬಣ್ಣದಲ್ಲಿ ಸಂತ ಜಾರ್ಜನ ಚಿತ್ರ, ಇಂಗ್ಲಿಷರಿಗೆ ನೆರವಾಗು ಎಂಬ ಲ್ಯಾಟಿನ್ ಪ್ರಾರ್ಥನೆ. ಅವನು ಅದನ್ನು ಸುಮ್ಮನೆ ಗೊಣಗುತ್ತಾನೆ. ಕಂದಕದ ಆಚೆ ಹೊಳೆಯುವ ಆಕೃತಿಗಳ ಸಾಲು ಎದ್ದು ನಿಲ್ಲುತ್ತದೆ: 1415ರಲ್ಲಿ ಅಜಿನ್‌ಕೋರ್ಟ್ ಕದನ ಗೆದ್ದ ಇಂಗ್ಲಿಷ್ ಬಿಲ್ಲುಗಾರರು. ಜರ್ಮನ್ನರು ಸಾವಿರಗಟ್ಟಲೆ ಉರುಳುತ್ತಾರೆ. ಹೆಣಗಳ ಮೇಲೆ ಒಂದು ಗಾಯವೂ ಇರುವುದಿಲ್ಲ.

ಮುಂದೆ ಆದದ್ದು ಪತ್ರಿಕೆ ನಡೆಸುವ ನನ್ನಂಥವರು ಮರೆಯಬಾರದ ಸಂಗತಿ. ಇದು ನಿಜವೇ ಎಂದು ಕೇಳಿ ಪತ್ರಗಳು ಬಂದವು. ಇಲ್ಲ, ಕಟ್ಟಿದ್ದು ಎಂದು ಮ್ಯಾಕೆನ್ ಉತ್ತರಿಸಿದ. ಒಬ್ಬ ಪಾದ್ರಿ ಈ ಕತೆಯನ್ನು ಕಿರುಹೊತ್ತಗೆಯಾಗಿ ತರುತ್ತೇವೆ, ಆಧಾರಗಳನ್ನು ತಿಳಿಸಿ ಮುನ್ನುಡಿ ಬರೆದುಕೊಡಿ ಎಂದು ಕೇಳಿದ. ಆಧಾರವೇ ಇಲ್ಲ ಎಂದರೆ, ನೀವು ತಪ್ಪು ತಿಳಿದಿದ್ದೀರಿ, ಮುಖ್ಯ ಸಂಗತಿಗಳು ನಿಜವೇ ಇರಬೇಕು, ನೀವು ಅವನ್ನು ವಿಸ್ತರಿಸಿದ್ದೀರಿ ಅಷ್ಟೇ ಎಂದು ಆತ ಲೇಖಕನಿಗೇ ತಿಳಿಹೇಳಿದ! 1915ರ ಹೊತ್ತಿಗೆ ಬಿಲ್ಲುಗಾರರು ಹೋಗಿ ದೇವದೂತರು ಬಂದಿದ್ದರು. ಯಾವುದೋ ಅಧಿಕಾರಿ ಕಂಡನಂತೆ, ಯಾರೋ ದಾದಿಗೆ ಗಾಯಾಳು ಹೇಳಿದನಂತೆ. ಅದೇ ವರ್ಷ ಮ್ಯಾಕೆನ್ ಕತೆಯನ್ನು ಪುಸ್ತಕವಾಗಿ ತಂದು, ಉದ್ದನೆಯ ಮುನ್ನುಡಿಯಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದ. ಅವನನ್ನೇ ಖಂಡಿಸಿ ಬೇರೆ ಪುಸ್ತಕ ಹೊರಟಿತು.

ನೋಡಿ, ನೀವು ಬಯಸುವ ‘ನಡೆದದ್ದು’ ಎಂಬ ಮುದ್ರೆ ಎಂಥ ದೆವ್ವಕ್ಕೆ ಸಿಕ್ಕಿತು! ನಮ್ಮ ಪರ ಕಾದಾಡಲು ಬಂದ ದೆವ್ವಕ್ಕೆ. ಅದು ನಮ್ಮಿಂದ ಏನನ್ನೂ ಕೇಳುವುದಿಲ್ಲ, ವೈರಿಯನ್ನು ಕೊಂದು ಮಾಯವಾಗುತ್ತದೆ. ಗಾಯವಿಲ್ಲದ ಹೆಣ ಎಂದರೆ ಏನೆಂದು ಯೋಚಿಸಿ. ಯುದ್ಧ ಬೇಕೆನ್ನುವವರಿಗೆ ಇದಕ್ಕಿಂತ ಅನುಕೂಲದ ಹೆಣ ಇನ್ನೊಂದಿಲ್ಲ. ನಾನು ಮೆಚ್ಚುವ ಯುದ್ಧಕಾಲದ ಭಯದ ಕತೆ ಇದಕ್ಕೆ ತದ್ವಿರುದ್ಧವಾದ ಕೆಲಸ ಮಾಡುತ್ತದೆ. ಹೆಣಕ್ಕೆ ಗಾಯವನ್ನು ಮರಳಿ ಕೊಡುತ್ತದೆ; ಸತ್ತವರನ್ನು ಲೆಕ್ಕ ಕೇಳಲು ಮನೆಯೊಳಗೆ ಕರೆತರುತ್ತದೆ.

1915ರ ಜನವರಿಯಲ್ಲಿ ಪ್ರಕಟವಾದ, ಇಂಗ್ಲಿಷ್ ಲೇಖಕ ಕಿಪ್ಲಿಂಗನ ಕತೆಯೊಂದು ಹೀಗಿದೆ. ಬರ್ಲಿನ್ನಿನ ಅಚ್ಚುಕಟ್ಟಾದ ಮನೆಯಲ್ಲಿ ಜ್ವರ ಹಿಡಿದು ಮಲಗಿದ ಹಿರಿಯ ಹೆಂಗಸು. ಮನೆಯಲ್ಲಿ ಒಂದು ವಸ್ತು ಓರೆಯಾಗಿದ್ದರೂ ಅವಳಿಗೆ ಸಹಿಸದು. ಆ ಕೋಣೆಗೆ ಐದು ಮಕ್ಕಳು ಬಂದು ನಿಲ್ಲುತ್ತಾರೆ. ಮನೆಗೆ ಹೋಗಿ ಎಂದರೆ ಮನೆಯೇ ಇಲ್ಲ ಎನ್ನುತ್ತಾರೆ. ಜರ್ಮನ್ ಸೇನೆ ಸುಟ್ಟ ಬೆಲ್ಜಿಯನ್ ಹಳ್ಳಿಗಳ ಮಕ್ಕಳು ಅವರು. ನಮ್ಮಂಥವರು ಸಾವಿರಾರು ಮಂದಿ ಇದ್ದಾರೆ ಎನ್ನುತ್ತಾರೆ. ಕೆಲಸದವಳು ಹಿಂತಿರುಗಿ ಬಂದಾಗ ಒಡತಿ ಮೊಣಕಾಲೂರಿ ಕುಳಿತು, ಕಸೂತಿಯ ಹೊದಿಕೆಯಿಂದ ನೆಲ ಉಜ್ಜುತ್ತಿರುತ್ತಾಳೆ. ಐದು ಮಕ್ಕಳ ರಕ್ತ ಬಿದ್ದಿದೆಯಂತೆ. ಇಡೀ ಲೋಕದಲ್ಲಿ ಐದಕ್ಕಿಂತ ಹೆಚ್ಚು ಇರಲಾರರು ಎಂದು ಹಟ ಹಿಡಿಯುತ್ತಾಳೆ. ಆ ಹಟವನ್ನು ಓದಿದಾಗ ನನ್ನ ಮೈ ನಡುಗಿತು. ದೂರದ ಸಾವನ್ನು ಸಣ್ಣ ಅಂಕಿಗೆ ಇಳಿಸಿಕೊಂಡು ನೆಮ್ಮದಿಯಾಗಿರುವವರು ಬರ್ಲಿನ್ನಿನಲ್ಲಿ ಮಾತ್ರ ಇಲ್ಲ.

ಇದೂ ವೈರಿಯ ಮನೆಗೆ ಹೋದ ದೆವ್ವವೇ ಎಂದು ನೀವು ತಕ್ಷಣ ಹಿಡಿಯುತ್ತೀರಿ, ಸರಿಯೇ. ಕಿಪ್ಲಿಂಗ್ ಆಗ ಯುದ್ಧದ ದೊಡ್ಡ ತುತ್ತೂರಿ. ದೃಷ್ಟಿ ಮಂದವೆಂದು ಸೇನೆ ಬೇಡವೆಂದ ಮಗನನ್ನು ತನ್ನ ಪ್ರಭಾವ ಬಳಸಿ ಸೇರಿಸಿದವನು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಲೂಸ್ ಕದನದಲ್ಲಿ ಹದಿನೆಂಟರ ಆ ಹುಡುಗ ಕಾಣೆಯಾದ. ತಂದೆ ಬದುಕಿರುವವರೆಗೆ ದೇಹ ಸಿಗಲಿಲ್ಲ. ಆಮೇಲೆ ಅವನು ಯುದ್ಧ ಸಮಾಧಿಗಳ ಆಯೋಗದಲ್ಲಿ ಕೆಲಸ ಮಾಡಿದ. 1924ರಲ್ಲಿ ಬರೆದ ಕಂದಕದ ಪ್ರೇತದ ಕತೆಯಲ್ಲಿ ಜರ್ಮನ್ನರ ಮೇಲಿನ ಹಳೆಯ ಸಿಟ್ಟಿಗೆ ಜಾಗವಿಲ್ಲ. ಹೆಪ್ಪುಗಟ್ಟಿದ ಹೆಣಗಳನ್ನೇ ನೆಲಕ್ಕೂ ಗೋಡೆಗೂ ಒಟ್ಟಿದ ಕಂದಕ, ಅದರ ಮೇಲೆ ನಡೆದಾಗ ಏಳುವ ಕಿರುಗುಟ್ಟುವ ಸದ್ದು, ಆ ಸದ್ದನ್ನು ಕಿವಿಯಿಂದ ಕಳೆದುಕೊಳ್ಳಲಾರದ ಒಬ್ಬ ತರುಣ. ಯಾವ ವರದಿಗಾರನೂ ಆ ಸದ್ದನ್ನು ನನಗೆ ಕೇಳಿಸಿರಲಿಲ್ಲ.

ಸತ್ತವರಿಗೆ ಅವಮಾನ ಎಂದಿರಿ. ಅವಮಾನ ಹೇಗಿರುತ್ತದೆಂದು ವಿಯೆಟ್ನಾಮಿನಲ್ಲಿ ನೋಡಬೇಕು. ಊರಿನ ಮಣ್ಣಿನಲ್ಲಿ ಸಂಸ್ಕಾರ ಸಿಗದವನ ಆತ್ಮ ಅಲೆಯುತ್ತದೆ ಎಂಬುದು ಅಲ್ಲಿಯ ನಂಬಿಕೆ. ಅಮೆರಿಕದ ಸೇನೆ ಇದನ್ನು ತಿಳಿದುಕೊಂಡು ‘ಭೂತದ ಟೇಪು ಸಂಖ್ಯೆ 10’ ಎಂಬ ಧ್ವನಿಮುದ್ರಿಕೆಯನ್ನು ತಯಾರಿಸಿತು. ಅದರಲ್ಲಿ ಸತ್ತ ಸೈನಿಕನ ಗೋಳಾಟ, ಅಪ್ಪನನ್ನು ಕರೆಯುವ ಮಗುವಿನ ದನಿ. ರಾತ್ರಿ ಹೊತ್ತು ಕಾಡಿನ ಮೇಲೆ ಧ್ವನಿವರ್ಧಕದಲ್ಲಿ ಅದನ್ನು ಹಾಕುತ್ತಿದ್ದರು, ಎದುರಾಳಿ ಹೆದರಿ ಓಡಲಿ ಎಂದು. ದುಃಖವನ್ನು ಆಯುಧ ಮಾಡಿಕೊಳ್ಳುವುದು ಇದು. ಅದೇ ಕಾಡಿನಲ್ಲಿ ಹೋರಾಡಿ ಬದುಕಿ ಬಂದ ಉತ್ತರ ವಿಯೆಟ್ನಾಮಿನ ಸೈನಿಕ ಬಾವೊ ನಿನ್ 1990ರ ಸುಮಾರಿಗೆ ತನ್ನ ಕಾದಂಬರಿಯನ್ನು ಪ್ರಕಟಿಸಿದ. ಯುದ್ಧ ಮುಗಿದ ಮೇಲೆ ಕಾಡಿನಲ್ಲಿ ಅಸ್ಥಿ ಆರಿಸುವ ತಂಡದ ಕತೆಯಿಂದ ಅದು ಆರಂಭವಾಗುತ್ತದೆ. ಅಲ್ಲಿ ಒಂದು ತುಕಡಿ ಹೆಚ್ಚುಕಡಿಮೆ ಪೂರ್ತಿ ನಾಶವಾದ ಜಾಗಕ್ಕೆ ಕೂಗುವ ಆತ್ಮಗಳ ಕಾಡೆಂದು ಹೆಸರು. ಲಾರಿಯಲ್ಲಿ ಕೆಳಗೆ ಅಸ್ಥಿಗಳು, ಮೇಲೆ ಜೋಲಿ ಕಟ್ಟಿಕೊಂಡು ಮಲಗಿದ ಬದುಕುಳಿದವರು. ಸತ್ತವರ ಜೊತೆ ದಿನವೂ ಮಾತಾಡುತ್ತೇನೆ ಎನ್ನುತ್ತಾನೆ ಚಾಲಕ. ಗೆದ್ದ ದೇಶದ ಕಾದಂಬರಿ ಇದು! ಗೆಲುವಿನ ಮೆರವಣಿಗೆಗೆ ಬಾರದವರನ್ನು ಸೇರಿಸಿಕೊಳ್ಳಲು ಅವನಿಗೆ ಬೇರೆ ದಾರಿ ಇರಲಿಲ್ಲ.

ನೀವು ಸಿಟ್ಟಾದ ಕತೆಯ ಹಿರಿಯಜ್ಜಿಯೊಬ್ಬಳು ಜಪಾನಿನಲ್ಲಿದ್ದಾಳೆ. 1776ರಲ್ಲಿ ಉಯೆದಾ ಅಕಿನಾರಿ ಪ್ರಕಟಿಸಿದ ‘ಉಗೆತ್ಸು ಮೊನೊಗತಾರಿ’ಯ ಒಂದು ಕತೆ. ಕತ್ಸುಶಿರೊ ಎಂಬವನು ರೇಷ್ಮೆ ಮಾರಲು ಕ್ಯೋಟೋಗೆ ಹೊರಡುತ್ತಾನೆ. ಶರತ್ಕಾಲಕ್ಕೆ ಬರುತ್ತೇನೆ ಎಂದು ಹೆಂಡತಿ ಮಿಯಾಗಿಗೆ ಮಾತು ಕೊಡುತ್ತಾನೆ. 1455ರಲ್ಲಿ ಅವರ ಸೀಮೆಯಲ್ಲಿ ಯುದ್ಧ ಹೊತ್ತಿಕೊಳ್ಳುತ್ತದೆ. ದಾರಿಯಲ್ಲಿ ದರೋಡೆಯಾಗಿ, ಕಾಯಿಲೆ ಬಿದ್ದು, ಅವನು ಮರಳುವಾಗ ಏಳು ವರ್ಷ ಕಳೆದಿರುತ್ತದೆ. ಊರು ಹಾಳಾಗಿದೆ, ಆದರೆ ತನ್ನ ಮನೆಯ ಬಾಗಿಲ ಸಂದಿನಲ್ಲಿ ಬೆಳಕಿದೆ. ಕೆಮ್ಮುತ್ತಾನೆ, ಒಳಗಿನಿಂದ ಯಾರು ಎಂಬ ದನಿ. ಕಣ್ಣು ಗುಳಿಬಿದ್ದು ಕಪ್ಪಾದ ಹೆಂಡತಿ ಅಳುತ್ತಾಳೆ, ಇಬ್ಬರೂ ಮಲಗುತ್ತಾರೆ. ಬೆಳಗಿನ ಜಾವ ಮುಖದ ಮೇಲೆ ತಣ್ಣಗೆ ಏನೋ ತೊಟ್ಟಿಕ್ಕಿ ಎಚ್ಚರವಾದರೆ ಮೇಲೆ ಸೂರಿಲ್ಲ, ನೆಲದ ಹಲಗೆಯ ನಡುವೆ ಹುಲ್ಲು ಬೆಳೆದಿದೆ. ಮಲಗುವ ಕೋಣೆಯಿದ್ದ ಕಡೆ ಅವಳ ಸಮಾಧಿ. ಕತೆಯಲ್ಲಿ ಸೇನಾಪತಿಗಳಿಗೆ ಸಿಕ್ಕಿರುವುದು ಕೆಲವೇ ಸಾಲು. ಕಾದವಳಿಗೆ ಸಿಕ್ಕಿರುವುದು ಇಡೀ ಒಂದು ರಾತ್ರಿ. ಚರಿತ್ರೆಯ ಪುಸ್ತಕದಲ್ಲಿ ಈ ಪ್ರಮಾಣ ಉಲ್ಟಾ ಆಗಿರುತ್ತದೆ. ಇಲ್ಲಿ ರೋಮಾಂಚನಕ್ಕೆ ಯಾರ ದುಃಖ ಬಳಕೆಯಾಯಿತು, ನೀವೇ ಹೇಳಿ.

ಇದೆಲ್ಲ ಹೊರಗಿನದು, ನಮ್ಮ ಸಂಸ್ಕಾರಕ್ಕೆ ಸಲ್ಲದು ಎಂದು ನೀವು ಬರೆದಿಲ್ಲ, ಅದಕ್ಕೆ ಕೃತಜ್ಞ. ಬೇರೆ ಕೆಲವರು ಬರೆದಿದ್ದಾರೆ. ಅವರು ರನ್ನನನ್ನು ಓದಲಿ. ‘ಗದಾಯುದ್ಧ’ದಲ್ಲಿ ದುರ್ಯೋಧನ ಸಂಜಯನ ಹೆಗಲ ಮೇಲೆ ಕೈಯಿಟ್ಟು, ಹೆಣಗಳ ಮೇಲೆ ಎಡವುತ್ತ, ರಕ್ತದ ಮಡುಗಳನ್ನು ದಾಟುತ್ತ ಶರಶಯ್ಯೆಯ ಭೀಷ್ಮನ ಕಡೆಗೆ ನಡೆಯುತ್ತಾನೆ. ರಣರಂಗದ ಮರುಳುಗಳು, ಎಂದರೆ ಪಿಶಾಚಿಗಳು, ಚಕ್ರವರ್ತಿಯನ್ನು ಅಣಕಿಸುತ್ತವೆ. ಬದುಕಿದ್ದ ಯಾರಿಗೂ ಇಲ್ಲದಿದ್ದ ಧೈರ್ಯ ಅವುಗಳಿಗಿದೆ. ತಮಿಳಿನ ‘ಕಲಿಂಗತ್ತುಪ್ಪರಣಿ’ಯಲ್ಲೂ ರಣರಂಗದ ಪಿಶಾಚಿಗಳಿವೆ, ಅವು ಹೆಣಗಳ ಅಂಬಲಿ ಕಾಯಿಸಿ ಉಂಡು ಗೆದ್ದ ಕುಲೋತ್ತುಂಗ ಚೋಳನನ್ನು ಹಾಡುತ್ತವೆ. ಕಾವ್ಯವಾಗಿ ಅದು ಅದ್ಭುತ, ಆದರೂ ನನ್ನ ಮನಸ್ಸು ರನ್ನನ ಮರುಳಿನ ಕಡೆಗೇ. ರನ್ನನೂ ಆಸ್ಥಾನ ಕವಿ. ಅವನ ಭೀಮನೆಂದರೆ ಅವನ ಒಡೆಯ, ಚಾಲುಕ್ಯ ದೊರೆ ಸತ್ಯಾಶ್ರಯನೇ. ಸೋಲುವವನನ್ನು ಅಣಕಿಸುವುದು ಅವನಿಗೆ ಸುಲಭವಿತ್ತು. ಆದರೆ ಅವನು ಅಲ್ಲಿಗೇ ಬಿಡುವುದಿಲ್ಲ. ಅದೇ ದುರ್ಯೋಧನನನ್ನು ಅಭಿಮನ್ಯುವಿನ ಹೆಣದ ಮುಂದೆ ನಿಲ್ಲಿಸಿ, ವೈರಿಯ ಮಗನ ಸಾಹಸಕ್ಕೆ ಕೈಮುಗಿಸುತ್ತಾನೆ. ದೆವ್ವಗಳ ನಡುವೆ ನಡೆಯದೆ ಅವನು ಅಲ್ಲಿಗೆ ತಲುಪುತ್ತಿರಲಿಲ್ಲ.

ಸಾವಿರ ವರ್ಷದ ಹಿಂದೆ ಇಷ್ಟು ಬರೆದ ಭಾಷೆಯಲ್ಲಿ ಇಂದು ಏನಾಗಿದೆ? ದೆವ್ವದ ಕತೆಗೆ ಓದುಗರಿದ್ದಾರೆ, ವಿಮರ್ಶಕರಿಲ್ಲ. ಬಸ್ ನಿಲ್ದಾಣದ ಅಂಗಡಿಯಲ್ಲಿ ಅದಕ್ಕೆ ಜಾಗವಿದೆ, ವಿಚಾರ ಸಂಕಿರಣದಲ್ಲಿಲ್ಲ. ಕತಾಸ್ಪರ್ಧೆಯೊಂದರ ತೀರ್ಪುಗಾರರ ಸಭೆಯಲ್ಲಿ ನಾನಿದ್ದೆ. ಸಿಯಾಚಿನ್‌ನಲ್ಲಿ ಸತ್ತ ಮಗನ ಬೂಟಿನ ಸದ್ದು ಹಟ್ಟಿಯಲ್ಲಿ ಕೇಳಿಸುವ ಕತೆಯೊಂದು ಬಂದಿತ್ತು. “ದೆವ್ವದ ಕತೆ, ಪಕ್ಕಕ್ಕಿಡಿ” ಎಂದರು ಹಿರಿಯರು; ಕೊನೆಯ ಪುಟದವರೆಗೆ ಅವರು ಓದಿರಲಿಲ್ಲ. ಬಹುಮಾನ ದೇಶಪ್ರೇಮದ ಕತೆಗೆ ಹೋಯಿತು. ಅದರಲ್ಲಿ ತಾಯಿ ಒಂದು ಹನಿ ಕಣ್ಣೀರನ್ನೂ ಹಾಕುವುದಿಲ್ಲ. ಇವೆರಡರಲ್ಲಿ ಯಾವುದು ಅಲೌಕಿಕ?

ನಮ್ಮಲ್ಲಿ ಯುದ್ಧವೆಂದರೆ ವೀರಗಲ್ಲು: ಕೆಳಗೆ ಕಾದಾಟ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ಸುಂದರ ಶಿಲ್ಪ, ಆದರೆ ಹೆಂಡತಿಗೆ ಅಲ್ಲಿ ಜಾಗ ಬೇಕಿದ್ದರೆ ಸಾಮಾನ್ಯವಾಗಿ ಅವಳೂ ಸತ್ತು ಮಾಸ್ತಿಯಾಗಬೇಕು. 1918ರ ಸೆಪ್ಟೆಂಬರ್ 23ರಂದು, ಈಗ ಇಸ್ರೇಲಿನಲ್ಲಿರುವ ಹೈಫಾದಲ್ಲಿ ಈಟಿ ಹಿಡಿದು ನುಗ್ಗಿದ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಗೆ ದೆಹಲಿಯ ತೀನ್ ಮೂರ್ತಿ ಹೈಫಾ ವೃತ್ತದಲ್ಲಿ ಪ್ರತಿಮೆಯಿದೆ, ವರ್ಷಕ್ಕೊಮ್ಮೆ ಹೂವು ಬೀಳುತ್ತದೆ. ಬೀಳಲಿ. ಅವರನ್ನು ಕಾದು ಕುಳಿತ ಮೈಸೂರಿನ ಮನೆಗಳ ಕತೆಯನ್ನು ನಾನಿನ್ನೂ ಹುಡುಕುತ್ತಿದ್ದೇನೆ. ಗಡಿಯಲ್ಲಿ ಗುಂಡು ಹಾರಿದ ಸಂಜೆಗೇ ಟಿವಿ ಸ್ಟುಡಿಯೋಗಳಲ್ಲಿ ಯುದ್ಧದ ಸಂಗೀತ ಶುರುವಾಗುತ್ತದೆ. ಭೂಪಟದ ಮೇಲೆ ಬಾಣದ ಗುರುತು ಓಡುತ್ತದೆ, ಗಾಯ ಮಾತ್ರ ಕಾಣಿಸುವುದಿಲ್ಲ. ಆ ಬಿಲ್ಲುಗಾರರ ಕತೆ ಅಲ್ಲಿ ಇಂದಿಗೂ ದಿನಕ್ಕೆ ಮೂರು ಹೊತ್ತು ಮರುಪ್ರಸಾರವಾಗುತ್ತಿದೆ, ಅದನ್ನು ಅವಮಾನವೆಂದು ಖಂಡಿಸಿದ ಒಂದು ಪತ್ರವೂ ನನ್ನ ಮೇಜಿಗೆ ಬಂದಿಲ್ಲ. ಸತ್ತವನೊಬ್ಬ ಮನೆಗೆ ಬಂದು ಊಟ ಕೇಳಿದರೆ ಬರುತ್ತದೆ.

ನಿಮ್ಮನ್ನು ಗದರಿಸಿದೆ ಎಂದುಕೊಳ್ಳಬೇಡಿ. ಇನ್ನು ನಿಮ್ಮ ಪತ್ರದಲ್ಲಿ ನಾವು ಮೇಲೆ ಅಚ್ಚುಹಾಕದ ಭಾಗದ ಬಗ್ಗೆ. ನಿಮ್ಮ ದೊಡ್ಡಪ್ಪ ಬರ್ಮಾ ಯುದ್ಧದಿಂದ ಮರಳಿದ ಮೇಲೆ ಒಬ್ಬರೇ ಊಟಕ್ಕೆ ಕೂರುತ್ತಿರಲಿಲ್ಲ, ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿಸುತ್ತಿದ್ದರು, ಯಾರಿಗೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ ಎಂದು ಬರೆದಿದ್ದೀರಿ. ಆ ಎಲೆಗೆ ಏನೇನು ಬಡಿಸುತ್ತಿದ್ದರು? ಅದನ್ನು ಎತ್ತುತ್ತಿದ್ದವರು ಯಾರು? ಅವರು ಬರ್ಮಾದಲ್ಲಿ ಇದ್ದದ್ದು ಯಾವ ಪಡೆಯಲ್ಲಿ, ಜೊತೆಗಿದ್ದವರ ಹೆಸರು ಯಾವತ್ತಾದರೂ ಬಾಯಿಗೆ ಬಂದದ್ದುಂಟೇ? ನೆನಪಿದ್ದಷ್ಟನ್ನು ಬರೆದು ಕಳಿಸಿ. ಆಗಸ್ಟ್ ಕೊನೆಯೊಳಗೆ ಕೈಸೇರಿದರೆ ದೀಪಾವಳಿ ವಿಶೇಷಾಂಕಕ್ಕೆ ತೆಗೆದುಕೊಳ್ಳುತ್ತೇನೆ. ಪುಟಗಳ ಮಿತಿ ಇಲ್ಲ.

— ಸಂಪಾದಕ