ನಾಯಿ ಬಟ್ಟಲಿಗೆ ಏನು, ಎಷ್ಟು?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಊಟದ್ದೇ. ಯಾವ ಆಹಾರ, ಯಾವ ಟಾನಿಕ್, ಎಷ್ಟು ಚಮಚ, ಯಾವ ಎಣ್ಣೆ. ಸರಿ, ಈ ಸಂಚಿಕೆ ಪೂರ್ತಿ ಊಟಕ್ಕೇ ಇರಲಿ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ, ನನ್ನ ಪತ್ರ ಎಲ್ಲಿ ಹೋಯ್ತು ಅಂತ ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಡಾಕ್ಟರೇ, ನಮ್ಮ ಲ್ಯಾಬ್ರಡಾರ್ ಮರಿಗೆ ನಾಲ್ಕು ತಿಂಗಳು. ದೊಡ್ಡ ಜಾತಿ, ಮೂಳೆ ಗಟ್ಟಿಯಾಗಬೇಕು ಅಂತ ಮರಿ ಕೊಟ್ಟವರೇ ಕ್ಯಾಲ್ಸಿಯಂ ಸಿರಪ್ ಹೇಳಿದ್ದರು. ಮರಿಗಳ ಡ್ರೈ ಫುಡ್ ಜೊತೆ ದಿನಕ್ಕೆ ಎರಡು ಸಲ ಕೊಡ್ತಾ ಇದ್ದೇವೆ. ಈಗ ಮುಂಗಾಲು ಸ್ವಲ್ಪ ಸೊಟ್ಟ ಕಾಣಿಸ್ತಿದೆ. ಡೋಸ್ ಜಾಸ್ತಿ ಮಾಡಲಾ?

ಉತ್ತರ: ಬೇಡ. ಜಾಸ್ತಿ ಮಾಡೋದಿರಲಿ, ಸಿರಪ್ ಇವತ್ತೇ ನಿಲ್ಲಿಸಿ. ಮರಿಯನ್ನು ಈ ವಾರವೇ ವೈದ್ಯರಿಗೆ ತೋರಿಸಿ, ಎಕ್ಸ್‌ರೇ ಬೇಕಾಗಬಹುದು.

ವಿಷಯ ಏನೆಂದರೆ, ಬೆಳೆದ ನಾಯಿಯ ಕರುಳಿಗೆ ಒಂದು ಜಾಣತನ ಇದೆ. ಕ್ಯಾಲ್ಸಿಯಂ ಜಾಸ್ತಿ ಬಂದರೆ ಹೀರಿಕೊಳ್ಳುವುದನ್ನು ಕಡಿಮೆ ಮಾಡುತ್ತದೆ. ಎಳೆ ಮರಿಗಳಿಗೆ, ಸುಮಾರು ಆರು ತಿಂಗಳವರೆಗೆ, ಈ ಹಿಡಿತ ಸರಿಯಾಗಿ ಬಂದಿರುವುದಿಲ್ಲ. ಹಾಕಿದ್ದರಲ್ಲಿ ಬಹುಪಾಲು ಒಳಗೆ ಹೋಗುತ್ತದೆ, ಮೂಳೆ ಬೆಳೆಯುವ ಕ್ರಮವೇ ತಪ್ಪುತ್ತದೆ. ಬೇಗ ಬೇಗ ಬೆಳೆಯುವ ದೊಡ್ಡ ತಳಿಗಳಲ್ಲಿ ಇದರ ಪೆಟ್ಟು ಜಾಸ್ತಿ. ಮೂಳೆ ಗಟ್ಟಿಯಾಗಲಿ ಅಂತ ಕೊಟ್ಟದ್ದೇ ಮೂಳೆಯನ್ನು ಸೊಟ್ಟ ಮಾಡುವುದು ಅಂದರೆ ಇದೇ.

ನೀವು ಕೊಡುತ್ತಿರುವ ಮರಿಗಳ ಆಹಾರದಲ್ಲಿ ಕ್ಯಾಲ್ಸಿಯಂ ಅಳೆದೇ ಹಾಕಿರುತ್ತಾರೆ. ದೊಡ್ಡ ತಳಿಯ ಮರಿಗಳ ಆಹಾರದಲ್ಲಿ ನೀರು ಬಿಟ್ಟು ಉಳಿದ ಒಣ ಅಂಶದಲ್ಲಿ ಕ್ಯಾಲ್ಸಿಯಂ ಶೇ 1.8ನ್ನು ಮೀರಬಾರದು ಅಂತ ಸಾಕುಪ್ರಾಣಿಗಳ ಆಹಾರಕ್ಕೆ ಅಳತೆ ಗೊತ್ತುಮಾಡುವ ಅಮೆರಿಕದ ಸಂಸ್ಥೆ ಎಎಎಫ್‌ಸಿಒದ ಮಾನದಂಡವೇ ಇದೆ. ಕ್ಯಾಲ್ಸಿಯಂಗೂ ರಂಜಕಕ್ಕೂ (ಫಾಸ್ಫರಸ್) ಒಂದು ಲೆಕ್ಕ ಇರಬೇಕು. ಒಂದು ಪಾಲು ರಂಜಕಕ್ಕೆ ಒಂದರಿಂದ ಎರಡು ಪಾಲು ಕ್ಯಾಲ್ಸಿಯಂ. ಅದರ ಮೇಲೆ ಸಿರಪ್ ಸುರಿಯುವುದು ಉಪ್ಪು ಹಾಕಿ ಇಳಿಸಿದ ಅಡುಗೆಗೆ ಮತ್ತೆ ಒಂದು ಹಿಡಿ ಉಪ್ಪು ಹಾಕಿದ ಹಾಗೆ.

ಇನ್ನೊಂದು ಮಾತು. ನಿಮ್ಮ ಚೀಲ ಬರೀ ‘ಮರಿಗಳಿಗೆ’ ಅನ್ನುತ್ತದೋ, ‘ದೊಡ್ಡ ತಳಿಯ ಮರಿಗಳಿಗೆ’ ಅನ್ನುತ್ತದೋ ನೋಡಿ. ನಿಮಗೆ ಬೇಕಿರುವುದು ಎರಡನೆಯದು. ಮರಿಯನ್ನು ಗುಂಡಗೆ ಮಾಡುವ ಆಸೆಯನ್ನೂ ಬಿಡಿ. ಗುಂಡು ಮರಿ ಫೋಟೋಗೆ ಚೆನ್ನ, ಕೀಲಿಗೆ ಅಲ್ಲ.

ಪ್ರಶ್ನೆ: ಡ್ರೈ ಫುಡ್ ಚೀಲದ ಮೇಲೆ ಪ್ರೋಟೀನ್ ಶೇ 24 ಅಂತ ಇದೆ. ಅದೇ ಕಂಪನಿಯ ಡಬ್ಬಿ ಆಹಾರದಲ್ಲಿ ಬರೀ ಶೇ 8. ಡಬ್ಬಿಯಲ್ಲಿ ಮೋಸ ಮಾಡ್ತಾರಾ?

ಉತ್ತರ: ಮೋಸ ಅಲ್ಲ, ನೀರು. ಡಬ್ಬಿಯಲ್ಲಿ ಸಾಮಾನ್ಯವಾಗಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ ಇರುತ್ತದೆ. ಲೇಬಲ್ಲಿನಲ್ಲಿ ತೇವಾಂಶ ಶೇ 78 ಅಂತ ಬರೆದಿದ್ದರೆ ನೀರಲ್ಲದ ಭಾಗ 22. ಎಂಟನ್ನು 22ರಿಂದ ಭಾಗಿಸಿ, ಶೇ 36 ಬರುತ್ತದೆ. ಚೀಲದ್ದರಲ್ಲಿ ತೇವಾಂಶ ಶೇ 10 ಇದ್ದರೆ 24ನ್ನು 90ರಿಂದ ಭಾಗಿಸಿ, ಸುಮಾರು 27. ಈಗ ಹೇಳಿ, ಯಾವುದರಲ್ಲಿ ಜಾಸ್ತಿ? ನೀರು ಕಳೆಯದೆ ಎರಡನ್ನು ಹೋಲಿಸಲೇಬಾರದು.

ಲೇಬಲ್ ವಿಷಯ ಬಂದಿದ್ದಕ್ಕೆ ಇನ್ನೊಂದಿಷ್ಟು ಹೇಳಿಬಿಡುತ್ತೇನೆ. ಪದಾರ್ಥಗಳ ಪಟ್ಟಿಯಲ್ಲಿ ತೂಕ ಜಾಸ್ತಿ ಇರುವುದು ಮೊದಲು ಬರುತ್ತದೆ, ಆದರೆ ಅದು ಬೇಯಿಸುವ ಮುಂಚಿನ ತೂಕ. ಹಸಿ ಕೋಳಿಮಾಂಸದಲ್ಲಿ ನೀರು ಜಾಸ್ತಿ, ಹಾಗಾಗಿ ಅದು ಸುಲಭವಾಗಿ ಮೊದಲ ಸ್ಥಾನ ಗಿಟ್ಟಿಸುತ್ತದೆ. ಚೀಲದ ಮುಂಭಾಗದ ಚಿತ್ರ, ತೋಳದ ಫೋಟೋ, ‘ಪ್ರೀಮಿಯಂ’, ‘ಹೋಲಿಸ್ಟಿಕ್’ ಅನ್ನುವ ಮಾತು ಇವೆಲ್ಲ ಜಾಹೀರಾತು. ನಾನು ಚೀಲ ಕೈಗೆತ್ತಿಕೊಂಡರೆ ಮೊದಲು ಹಿಂದಕ್ಕೆ ತಿರುಗಿಸಿ ಸಣ್ಣ ಅಕ್ಷರದಲ್ಲಿ ಒಂದೇ ಸಾಲು ಹುಡುಕುತ್ತೇನೆ. ಇದು ‘ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್’, ಅಂದರೆ ಇದೊಂದನ್ನೇ ಕೊಟ್ಟರೂ ಸಾಲುವ ಪೂರ್ತಿ ಊಟ, ಹೌದೋ ಅಲ್ಲವೋ, ಹೌದಾದರೆ ಯಾವ ವಯಸ್ಸಿಗೆ. ‘ಕಾಂಪ್ಲಿಮೆಂಟರಿ’ ಅಂತಿದ್ದರೆ ಅದು ನೆಂಚಿಕೊಳ್ಳುವುದಕ್ಕೆ, ಹೊಟ್ಟೆ ತುಂಬ ಕೊಡುವುದಕ್ಕಲ್ಲ. ಎಷ್ಟೋ ಜನ ವರ್ಷಗಟ್ಟಲೆ ಅದನ್ನೇ ಊಟ ಅಂತ ಕೊಟ್ಟಿರುತ್ತಾರೆ ಪಾಪ.

ಪ್ರಶ್ನೆ: ಪ್ಯಾಕೆಟ್ ಆಹಾರದ ಮೇಲೆ ನನಗೆ ನಂಬಿಕೆ ಇಲ್ಲ. ಎರಡು ವರ್ಷದಿಂದ ಬೇಯಿಸಿದ ಕೋಳಿ, ಅನ್ನ, ಕ್ಯಾರೆಟ್ ಕೊಡ್ತೀನಿ. ಶುದ್ಧ ಆಹಾರ. ಆದರೂ ಕೂದಲು ಒಣಗಿದ ಹುಲ್ಲಿನ ಹಾಗಾಗಿದೆ, ಉದುರುತ್ತೆ. ಯಾವ ಟಾನಿಕ್ ಹಾಕಲಿ?

ಉತ್ತರ: ನೀವು ಪ್ರೀತಿಯಿಂದ ಮಾಡಿದ್ದೀರಿ, ಅದರಲ್ಲಿ ಅನುಮಾನ ಇಲ್ಲ. ಆದರೆ ಶುದ್ಧ ಬೇರೆ, ಪೂರ್ತಿ ಬೇರೆ. ಮೂಳೆಯಿಲ್ಲದ 100 ಗ್ರಾಂ ಕೋಳಿಮಾಂಸದಲ್ಲಿ ರಂಜಕ ಸುಮಾರು 200 ಮಿಲಿಗ್ರಾಂ, ಕ್ಯಾಲ್ಸಿಯಂ ಬರೀ ಹತ್ತು ಹದಿನೈದು. ಮೇಲೆ ಹೇಳಿದ ಲೆಕ್ಕ ಇಲ್ಲಿ ಪೂರ್ತಿ ತಲೆಕೆಳಗು. ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯಬಾರದಲ್ಲ, ಹಾಗಾಗಿ ದೇಹ ಮೂಳೆಯಿಂದಲೇ ಸಾಲ ತೆಗೆಯುತ್ತದೆ. ತುಂಬಾ ದಿನ ಹೀಗೇ ನಡೆದರೆ ಮೂಳೆ ಟೊಳ್ಳಾಗುತ್ತದೆ, ದವಡೆ ಮೆತ್ತಗಾಗಿ ಹಲ್ಲು ಅಲುಗಾಡುತ್ತದೆ. ಮರಿಯಾದರೆ ಸಣ್ಣ ನೆಗೆತಕ್ಕೇ ಕಾಲು ಮುರಿದುಕೊಳ್ಳಬಹುದು.

ಇನ್ನು ಕೂದಲು. ಅದಕ್ಕೆ ಲಿನೋಲೆಯಿಕ್ ಆಮ್ಲ ಅನ್ನುವ ಕೊಬ್ಬು ಬೇಕು, ಸತು (ಜಿಂಕ್) ಬೇಕು, ತಾಮ್ರ ಬೇಕು. ಕೋಳಿ-ಅನ್ನ-ಕ್ಯಾರೆಟ್‌ನಲ್ಲಿ ಸತು, ತಾಮ್ರ, ಅಯೋಡಿನ್, ವಿಟಮಿನ್ ಡಿ, ವಿಟಮಿನ್ ಇ ಎಲ್ಲವೂ ಕೊರತೆಯೇ. ನಾವು ಬಿಸಿಲಲ್ಲಿ ನಿಂತರೆ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗುತ್ತದೆ ಅಲ್ವಾ, ನಾಯಿಗೆ ಹಾಗೆ ಬೇಕಾದಷ್ಟು ಮಾಡಿಕೊಳ್ಳಲು ಆಗುವುದಿಲ್ಲ. ಊಟದಲ್ಲೇ ಬರಬೇಕು.

ಮನೆ ಅಡುಗೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಸಪ್ಲಿಮೆಂಟ್ ನಿಜವಾಗಿ ಬೇಕಿರುವುದು ಈ ಜಾಗದಲ್ಲೇ ಅಂತ ಹೇಳುತ್ತಿದ್ದೇನೆ. ತಮಾಷೆ ನೋಡಿ, ಎಲ್ಲವೂ ಇರುವ ಆಹಾರ ಕೊಡುವವರು ನಾಲ್ಕು ಡಬ್ಬಿ ಟಾನಿಕ್ ತರುತ್ತಾರೆ, ಏನೂ ಇಲ್ಲದ ಅನ್ನ-ಕೋಳಿ ಕೊಡುವವರು ಒಂದನ್ನೂ ಹಾಕುವುದಿಲ್ಲ. ಆದರೆ ಅಂದಾಜಿನಲ್ಲಿ ಹಾಕಬೇಡಿ. ಪಶು ಪೋಷಣೆ ಓದಿದ ವೈದ್ಯರ ಹತ್ತಿರ ನಿಮ್ಮ ನಾಯಿಯ ತೂಕ, ವಯಸ್ಸು ಹೇಳಿ ಲೆಕ್ಕ ಹಾಕಿದ ಅಡುಗೆ ಪಟ್ಟಿ ಮಾಡಿಸಿಕೊಳ್ಳಿ. ಅದರಲ್ಲಿ ಬರೆದದ್ದನ್ನು ತಕ್ಕಡಿಯಲ್ಲಿ ತೂಗಿ ಹಾಕಿ. ಮೊಟ್ಟೆಚಿಪ್ಪಿನ ಪುಡಿ ಸಾಕಾ ಅಂತ ಇನ್ನೊಬ್ಬರು ಕೇಳಿದ್ದಾರೆ. ನುಣ್ಣಗೆ ಪುಡಿ ಮಾಡಿದರೆ ಒಂದು ಟೀ ಚಮಚದಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಸಿಗುತ್ತದೆ. ಸತು, ಅಯೋಡಿನ್, ವಿಟಮಿನ್ ಡಿಗೆ ಅದು ಉತ್ತರ ಅಲ್ಲ. ಲಿವರ್ ಒಳ್ಳೆಯದು, ಆದರೆ ವಾರಕ್ಕೆ ಸ್ವಲ್ಪ ಮಾತ್ರ. ದಿನಾ ಕೊಟ್ಟರೆ ವಿಟಮಿನ್ ಎ ವಿಷವಾಗುತ್ತದೆ. ಹಸಿ ಮೊಟ್ಟೆಯ ಬಿಳಿಭಾಗ ಬಯೋಟಿನ್ ಅನ್ನುವ ವಿಟಮಿನ್ ಸಿಗದ ಹಾಗೆ ಮಾಡುತ್ತದೆ, ಬೇಯಿಸಿಬಿಡಿ.

ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಬಟ್ಟಲಿನ ಹತ್ತಿರವೂ ಬರಬಾರದು. ಬೇಯಿಸಿದ ಮೂಳೆ ಸೀಳಿ ಚೂಪಾಗುತ್ತದೆ, ಅದೂ ಬೇಡ.

ಕೂದಲು ಉದುರುವುದಕ್ಕೆ ಥೈರಾಯ್ಡ್, ಹುಳು, ಚರ್ಮರೋಗವೂ ಕಾರಣ ಇರಬಹುದು. ಊಟ ಸರಿಮಾಡಿ, ಜೊತೆಗೆ ಒಮ್ಮೆ ಪರೀಕ್ಷೆಯನ್ನೂ ಮಾಡಿಸಿ.

ಪ್ರಶ್ನೆ: ನಮ್ಮ ನಾಯಿಗೆ ಒಂಬತ್ತು ವರ್ಷ, ಏಳುವಾಗ ಕಾಲು ಹಿಡಿದುಕೊಳ್ಳುತ್ತೆ. ಕೀಲಿಗೆ ಅಂತ ಮಾರುವ ಗ್ಲುಕೋಸಮೈನ್ ಒಳ್ಳೆಯದಾ, ಮೀನೆಣ್ಣೆ ಒಳ್ಳೆಯದಾ?

ಉತ್ತರ: ಎರಡಕ್ಕೂ ಮೊದಲು ಪಕ್ಕೆಲುಬು ಮುಟ್ಟಿ ನೋಡಿ. ಈಗಲೇ ನಿಮ್ಮ ಎಡಗೈ ಚಾಚಿ, ಬಲಗೈ ಬೆರಳಿಂದ ಅದರ ಹಿಂಭಾಗ ಸವರಿ. ತೆಳ್ಳಗೆ ಚರ್ಮ, ಕೆಳಗೆ ಮೂಳೆ ಸಿಗುತ್ತದೆ ಅಲ್ವಾ? ನಾಯಿಯ ಪಕ್ಕೆಲುಬು ಹಾಗೇ ಸಿಗಬೇಕು. ಮುಷ್ಟಿ ಕಟ್ಟಿ ಗೆಣ್ಣು ಸವರಿದ ಹಾಗೆ ಚುಚ್ಚಿದರೆ ನಾಯಿ ಬಡಕಲು. ಅಂಗೈ ಕಡೆ ಹೆಬ್ಬೆರಳ ಬುಡದ ದಿಂಡನ್ನು ಒತ್ತಿದ ಹಾಗೆ ಮೆತ್ತಗೆ ಸಿಕ್ಕಿದರೆ ಬೊಜ್ಜು. ಕೀಲುನೋವಿನ ನಾಯಿಗೆ ತೂಕ ಇಳಿಸುವಷ್ಟು ಒಳ್ಳೆಯ ಮದ್ದು ಯಾವ ಡಬ್ಬಿಯಲ್ಲೂ ಇಲ್ಲ. 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಕೊನೆಯವರೆಗೆ ಗಮನಿಸಿದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಅರ್ಧ ನಾಯಿಗಳಿಗೆ ಉಳಿದ ಅರ್ಧಕ್ಕಿಂತ ಕಾಲು ಭಾಗ ಕಡಿಮೆ ಊಟ, ಅಷ್ಟೇ. ಕಡಿಮೆ ತಿಂದವು ಹೆಚ್ಚೂ ಕಡಿಮೆ 13 ವರ್ಷ ಬದುಕಿದರೆ ಉಳಿದವು ಸುಮಾರು 11. ಕೀಲಿನ ತೊಂದರೆಯೂ ಕಡಿಮೆ ತಿಂದವಕ್ಕೆ ತಡವಾಗಿ ಶುರುವಾಯಿತು.

ನಾವು ಅಳತೆ ಮಾಡಿಯೇ ಹಾಕೋದು ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತಿದ್ದೆ. ನಮ್ಮ ನಾಯಿ ಸುಮ್ನೆ ದಪ್ಪ ಆಗುತ್ತಿದ್ದಾಗ ಒಂದು ದಿನ ಮನೆಯ ಮೂವರೂ ಅದೇ ಕಪ್ಪಿನಲ್ಲಿ ತುಂಬಿದ್ದನ್ನು ಅಡುಗೆಮನೆ ತಕ್ಕಡಿಗೆ ಹಾಕಿದೆ. ನನ್ನದು 90 ಗ್ರಾಂ, ಹೆಂಡತಿಯದು 96, ಮಗನ ಕಪ್ಪು ಗೋಪುರ ಕಟ್ಟಿಕೊಂಡು 121. ಅವತ್ತಿಂದ ಕಪ್ ಇಲ್ಲ, ತಕ್ಕಡಿ. ಮರಿಯಾಗದ ಹಾಗೆ ಆಪರೇಷನ್ ಆದ 10 ಕೆಜಿ ನಾಯಿಗೆ ದಿನಕ್ಕೆ ಬೇಕಿರುವುದು ಸುಮಾರು 600 ಕ್ಯಾಲರಿ, ಬಿಸ್ಕತ್ತು-ಚೂರುಪಾರು ಎಲ್ಲ ಸೇರಿ ಅದರ ಹತ್ತನೇ ಒಂದು ಭಾಗ ದಾಟಬಾರದು. ಅಂದರೆ 60. ಒಂದು ಟೀ ಚಮಚ ಎಣ್ಣೆಯಲ್ಲೇ 40 ಹೋಗಿಬಿಡುತ್ತದೆ.

ಈಗ ಎಣ್ಣೆಗೆ ಬರೋಣ. ಎರಡರಲ್ಲಿ ಆರಿಸು ಅಂದರೆ ನಾನು ಮೀನೆಣ್ಣೆ ಅನ್ನುತ್ತೇನೆ. ಅದರಲ್ಲಿರುವ ಇಪಿಎ, ಡಿಎಚ್‌ಎ ಅನ್ನುವ ಒಮೆಗಾ-3 ಕೊಬ್ಬುಗಳು ಕೀಲಿನ ಉರಿಯೂತ ತಗ್ಗಿಸುತ್ತವೆ ಅನ್ನುವುದಕ್ಕೆ ಆಧಾರ ಗಟ್ಟಿ ಇದೆ. ಗ್ಲುಕೋಸಮೈನ್ ಬಗ್ಗೆ ಫಲಿತಾಂಶ ಅತ್ತ ಇತ್ತ. ಕೊಟ್ಟರೆ ದೊಡ್ಡ ಹಾನಿ ಇಲ್ಲ, ಮೂರು ತಿಂಗಳಲ್ಲಿ ವ್ಯತ್ಯಾಸ ಕಾಣದಿದ್ದರೆ ದುಡ್ಡು ಉಳಿಸಿ. ಮೀನೆಣ್ಣೆ ಕೊಳ್ಳುವಾಗ ‘1000 ಮಿಲಿಗ್ರಾಂ’ ಅನ್ನುವ ದೊಡ್ಡ ಅಕ್ಷರ ನಂಬಬೇಡಿ, ಅದು ಎಣ್ಣೆಯ ತೂಕ. ಹಿಂದೆ ನೋಡಿದರೆ ಇಪಿಎ 180, ಡಿಎಚ್‌ಎ 120 ಅಂತ ಇರುತ್ತದೆ. ಕೆಲಸ ಮಾಡುವುದು ಆ 300 ಮಾತ್ರ, ವೈದ್ಯರು ಡೋಸ್ ಹೇಳುವುದೂ ಅದರ ಲೆಕ್ಕದಲ್ಲಿ. ಕಾಡ್ ಲಿವರ್ ಎಣ್ಣೆ ಬೇರೆ, ಅದರಲ್ಲಿ ವಿಟಮಿನ್ ಎ, ಡಿ ತುಂಬಿರುತ್ತದೆ, ಅದನ್ನು ತರಬೇಡಿ. ಅಗಸೆ ಎಣ್ಣೆಯನ್ನು ನಾಯಿಯ ದೇಹ ಇಪಿಎ ಆಗಿ ಮಾರ್ಪಡಿಸುವುದು ತೀರಾ ಕಡಿಮೆ. ಸ್ವಲ್ಪದಿಂದ ಶುರುಮಾಡಿ, ಇಲ್ಲದಿದ್ದರೆ ಭೇದಿ ಗ್ಯಾರಂಟಿ.

ಮತ್ತೆ, ನೋವು ಅಂತ ನಿಮ್ಮ ಡಬ್ಬದ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಯಾವತ್ತೂ ಕೊಡಬೇಡಿ. ಇದನ್ನು ನಾನು ಎಷ್ಟು ಸಲ ಬರೆದರೂ ಸಾಲದು.

ಪ್ರಶ್ನೆ: ಸದಾ ಕೆರೆದುಕೊಳ್ಳುತ್ತೆ. ಗ್ರೇನ್-ಫ್ರೀಗೆ, ಅಂದರೆ ಧಾನ್ಯವಿಲ್ಲದ ಆಹಾರಕ್ಕೆ ಬದಲಾಯಿಸಿ ಅಂತ ಎಲ್ಲರೂ ಹೇಳ್ತಾರೆ.

ಉತ್ತರ: ಮೊದಲು ಬಾಲದ ಬುಡದಲ್ಲಿ ಕೂದಲು ಬಿಡಿಸಿ ನೋಡಿ. ಕಪ್ಪು ಪುಡಿ ಸಿಕ್ಕರೆ ಒದ್ದೆ ಬಿಳಿ ಕಾಗದಕ್ಕೆ ಒತ್ತಿ, ಕೆಂಪಗೆ ಹರಡಿದರೆ ಅದು ಚಿಗಟದ ಹಿಕ್ಕೆ. ಅದಕ್ಕೆ ಯಾವ ಆಹಾರವೂ ಮದ್ದಲ್ಲ. ನಿಜವಾಗಿ ಊಟದ ಅಲರ್ಜಿ ಇದ್ದರೂ ಗೋಧಿಗಿಂತ ದನದ ಮಾಂಸ, ಹಾಲು, ಕೋಳಿಯೇ ಹೆಚ್ಚು ಸಲ ಸಿಕ್ಕಿಬೀಳುವುದು. ಗೊತ್ತು ಮಾಡಿಕೊಳ್ಳುವ ದಾರಿ ಒಂದೇ. ವೈದ್ಯರು ಹೇಳಿದ ಒಂದೇ ಆಹಾರ, ಎಂಟು ವಾರ, ನಡುವೆ ಒಂದು ಬಿಸ್ಕತ್ತೂ ಇಲ್ಲ. ನಾಯಿಗಿಂತ ಮನೆಯವರಿಗೇ ಇದು ಕಷ್ಟ.

ಧಾನ್ಯ ನಾಯಿಗೆ ಆಗಿಬರುವುದಿಲ್ಲ ಅನ್ನುವುದು ಬರೀ ಮಾತು. ತೋಳಕ್ಕಿಂತ ನಾಯಿಯಲ್ಲಿ ಪಿಷ್ಟ ಜೀರ್ಣಿಸುವ ಜೀನ್‌ನ ಪ್ರತಿಗಳು ಹೆಚ್ಚು ಇವೆ ಅಂತ 2013ರಲ್ಲೇ ಗೊತ್ತಾಗಿದೆ. ಬದಲಿಗೆ ಬಟಾಣಿ, ಬೇಳೆ ತುಂಬಿದ ಗ್ರೇನ್-ಫ್ರೀ ಆಹಾರಕ್ಕೂ ಹೃದಯ ಹಿಗ್ಗುವ ಕಾಯಿಲೆಗೂ ಸಂಬಂಧ ಇದೆಯಾ ಅಂತ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ತನಿಖೆ ಶುರುಮಾಡಿತು. ಸಂಬಂಧ ಸಾಬೀತಾಗಿಲ್ಲ, ಆದರೆ ಕಾರಣವಿಲ್ಲದೆ ಆ ಕಡೆ ಹೋಗುವುದನ್ನು ನಾನಂತೂ ಹೇಳುವುದಿಲ್ಲ.

ಪ್ರಶ್ನೆ: ರೋಗನಿರೋಧಕ ಶಕ್ತಿಗೆ ವಿಟಮಿನ್ ಸಿ ಕೊಡಬಹುದಾ? ನಾವು ತಗೊಳ್ಳೋ ಮಲ್ಟಿವಿಟಮಿನ್ ಗಮ್ಮಿಯಲ್ಲಿ ಅರ್ಧ?

ಉತ್ತರ: ಆರೋಗ್ಯವಂತ ನಾಯಿಯ ಲಿವರ್ ವಿಟಮಿನ್ ಸಿಯನ್ನು ತಾನೇ ತಯಾರಿಸಿಕೊಳ್ಳುತ್ತದೆ. ಗಮ್ಮಿ ಖಂಡಿತ ಬೇಡ. ಕೆಲವದರಲ್ಲಿ ಸಕ್ಕರೆ ಬದಲು ಕ್ಸೈಲಿಟಾಲ್ ಇರುತ್ತದೆ, ಅದು ನಾಯಿಯ ರಕ್ತದ ಸಕ್ಕರೆಯನ್ನು ಅರ್ಧ-ಒಂದು ಗಂಟೆಯಲ್ಲೇ ಪಾತಾಳಕ್ಕೆ ಇಳಿಸಬಲ್ಲದು. ಡಬ್ಬಿ ಎತ್ತರದಲ್ಲಿಡಿ.

ಪ್ರಶ್ನೆ: ಮೇಲೆ ಕೋಳಿ ಚೂರು ಹಾಕದಿದ್ದರೆ ಪೆಲೆಟ್ ಮುಟ್ಟಲ್ಲ. ಏನು ಮಾಡಲಿ?

ಉತ್ತರ: ಅವನು ನಿಮ್ಮನ್ನು ಚೆನ್ನಾಗಿ ಪಳಗಿಸಿದ್ದಾನೆ. ಬಟ್ಟಲು ಇಡಿ, ಇಪ್ಪತ್ತು ನಿಮಿಷ ಬಿಟ್ಟು ಎತ್ತಿಡಿ, ಮುಂದಿನ ಹೊತ್ತಿಗೆ ಮತ್ತೆ ಇಡಿ. ನಡುವೆ ಏನೂ ಇಲ್ಲ, ಅಜ್ಜಿ ಕೈಯಿಂದಲೂ ಇಲ್ಲ. ಇದು ಆರೋಗ್ಯವಾಗಿರುವ, ಬೆಳೆದ ನಾಯಿಗೆ ಮಾತ್ರ. ಮರಿಯನ್ನು ಹೀಗೆ ಉಪವಾಸ ಕೆಡವಬೇಡಿ. ವಾಂತಿ ಇದ್ದರೆ, ಮಂಕಾಗಿದ್ದರೆ, ಒಂದು ದಿನ ಪೂರ್ತಿ ತಿನ್ನದಿದ್ದರೆ ಅದು ಹಠ ಅಲ್ಲ, ಕಾಯಿಲೆ. ಹೊಸ ಆಹಾರಕ್ಕೆ ಬದಲಾಯಿಸುವವರು ಒಂದು ವಾರ ಹಿಡಿಯಿರಿ. ಮೊದಲು ಕಾಲು ಭಾಗ ಹೊಸದು, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು.

ಪ್ರಶ್ನೆ: ನಾವು ಸಸ್ಯಾಹಾರಿಗಳು. ನಾಯಿಯನ್ನೂ ಹಾಗೇ ಸಾಕಬಹುದಾ? ಮನೆಯಲ್ಲಿ ಒಂದು ಬೆಕ್ಕೂ ಇದೆ.

ಉತ್ತರ: ನಾಯಿಗೆ ಆಗುತ್ತದೆ, ನಾಯಿಗೆಂದೇ ಲೆಕ್ಕ ಹಾಕಿ ಮಾಡಿದ, ‘ಕಂಪ್ಲೀಟ್’ ಅಂತ ಬರೆದ ಸಸ್ಯಾಹಾರ ಆಗಿದ್ದರೆ. ನಿಮ್ಮ ತಟ್ಟೆಯಲ್ಲಿ ಉಳಿದದ್ದಲ್ಲ. ಬೆಳೆಯುವ ಮರಿಗೆ ಮತ್ತು ಬಸುರಿ ನಾಯಿಗೆ ನಾನು ಬೇಡ ಅನ್ನುತ್ತೇನೆ. ಆದರೆ ಬೆಕ್ಕನ್ನು ಇದಕ್ಕೆ ಎಳೆಯಬೇಡಿ. ಅದಕ್ಕೆ ಬೇಕಾದ ಟಾರಿನ್ ಅನ್ನುವ ಅಮೈನೋ ಆಮ್ಲ ಮತ್ತು ವಿಟಮಿನ್ ಎ ಮಾಂಸದಿಂದಲೇ ಬರಬೇಕು, ನಮ್ಮ ದೇಹ ವಿಟಮಿನ್ ಎ ಮಾಡಿಕೊಳ್ಳುವ, ಗಿಡದಲ್ಲಿರುವ ಕ್ಯಾರೊಟಿನ್ ಅದಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಇಬ್ಬರ ಬಟ್ಟಲೂ ಬೇರೆ ಬೇರೆ ಕೋಣೆಯಲ್ಲಿಡಿ, ಇಲ್ಲವಾದರೆ ನಾಯಿ ಮೊದಲು ಖಾಲಿ ಮಾಡುವುದು ಬೆಕ್ಕಿನದನ್ನೇ.