ಓದುಗರ ಪ್ರಶ್ನೆ, ಅಕ್ಕನ ಉತ್ತರ: ಜೋಡು ಕೂಸು ಬಂದಮ್ಯಾಲೆ ದೊಡ್ಡಾಕಿ ಮತ್ತ ತೊಟ್ಟಿಲ ಹತ್ತಾಕತ್ತಾಳ

ಪ್ರಶ್ನೆ: ಅಕ್ಕಾರೆ ನಮಸ್ಕಾರ್ರಿ. ನಾವು ಸಿಂಧನೂರು ತಾಲೂಕಿನ ಒಂದು ಕ್ಯಾಂಪಿನ್ಯಾಗ ಇರ್ತೀವಿ. ದೊಡ್ಡ ಮಗಳಿಗೆ 2 ವರ್ಷ 4 ತಿಂಗಳು, ಆಕಿ ಬೆನ್ನಿಗೇ ಅವಳಿಜವಳಿ ಹುಟ್ಟ್ಯಾವು, ಒಂದು ಗಂಡು ಒಂದು ಹೆಣ್ಣು, ಈಗ ಮೂರೂವರಿ ತಿಂಗಳು, 36 ವಾರಕ್ಕ ಹೆರಿಗಿ ಆತ್ರಿ. ಬಾಣಂತನ ತವರಮನ್ಯಾಗ, ಹೋದ ತಿಂಗಳು ಇಲ್ಲಿಗೆ ಬಂದೀನಿ. ಅಲ್ಲಿ ನಮ್ಮವ್ವ ಇದ್ಲು ಏನೂ ಗೊತ್ತಾಗಲಿಲ್ಲ. ಇಲ್ಲಿ ಅತ್ತಿಗೆ ಮೊಣಕಾಲು ನೋವು, ನಮ್ಮ ಮನಿಯವರು ರೈಸ್ ಮಿಲ್ಲಿಗೆ ಮುಂಜಾನೆ 8ಕ್ಕ ಹೋದ್ರ ರಾತ್ರಿ 8ಕ್ಕ ಬರ್ತಾರ. ಒಂದು ಮಲಗಿತು ಅನ್ನೋದ್ರಾಗ ಇನ್ನೊಂದು ಏಳತೈತಿ. ದೊಡ್ಡಾಕಿ ಬಚ್ಚಲಕ್ಕ ಹೋಗೋದು ಕಲ್ತಿದ್ಲು, ಈಗ ಮತ್ತ ಚಡ್ಡಿಯೊಳಗ ಮಾಡಾಕತ್ತಾಳ, ಕೂಸುಗಳಿಗೆ ಚಿವುಟ್ತಾಳ, ತೊಟ್ಟಿಲ ಹತ್ತಿ ಕುಂದರ್ತಾಳ, ಮೊನ್ನೆ ತನ್ನ ರೊಟ್ಟಿ ಚೂರು ತಮ್ಮನ ಬಾಯಾಗ ಇಟ್ಟಿದ್ಲು, ನಾನು ನೋಡಿ ತಗದೆ, ಹೊಡದೂಬಿಟ್ಟೆ. ಓಣಿ ಮಂದಿ ಎರಡಕ್ಕ ನಿನ್ನ ಹಾಲು ಎಲ್ಲಿ ಸಾಲತಾವ, ಆಕಳ ಹಾಲು ಹಾಕು, ಬಿಸಿಲು ಐತಿ ನೀರರ ಕುಡಿಸು ಅಂತಾರ. ರಾತ್ರಿ ಒಬ್ಬಾಕಿನ ಕುಂತು ಅಳ್ತೀನ್ರಿ ಅಕ್ಕಾರೆ, ಯಾರಿಗೂ ಹೇಳಿಲ್ಲ. ಹೆಸರು ಹಾಕಬ್ಯಾಡ್ರಿ.

ಉತ್ತರ: ತಂಗಿ, ನಿನ್ನ ಪತ್ರ ಎರಡು ಸಲ ಓದಿದೆ. ಬ್ಯಾರೆ ಎಲ್ಲಾದಕ್ಕಿಂತ ಮೊದಲು ದೊಡ್ಡಾಕಿ ಮಾತು ಆಡ್ತೀನಿ, ಯಾಕಂದ್ರ ಅವಳಿಜವಳಿ ಇರೋ ಮನ್ಯಾಗ ಎಲ್ಲಾರೂ ಬಂದು ತೊಟ್ಟಿಲಕ್ಕ ಬಗ್ಗಿ ನೋಡ್ತಾರ, ಬಾಗಿಲದಾಗ ನಿಂತ ಆ ಸಣ್ಣ ಹುಡುಗಿ ಮ್ಯಾಲೆ ಯಾರ ಕಣ್ಣೂ ಬೀಳಂಗಿಲ್ಲ.

ನನಗೂ ಇದ ಆಗಿತ್ತು. ಮಗನಿಗೆ 2 ವರ್ಷ ತುಂಬೋದ್ರಾಗ ಜೋಡು ಹೆಣ್ಣು ಹುಟ್ಟಿದ್ವು. ಒಂದಿನ ಸಣ್ಣಾಕಿ ಕುಲಾಯಿ ಸಿಗವಲ್ದು, ಮನಿಯೆಲ್ಲಾ ಹುಡುಕಿದೆ, ಸಂಜಿಗೆ ರೊಟ್ಟಿ ಮಾಡಾಕ ಜ್ವಾಳದ ಹಿಟ್ಟಿನ ಡಬ್ಬಿಗೆ ಕೈ ಹಾಕಿದ್ರ ಹಿಟ್ಟಿನ ತಳದಾಗ ಕುಲಾಯಿ. ಅವನ ಹೂತಿಟ್ಟಿದ್ದ. ನಾನು ಅವನ ಬೆನ್ನಿಗೆ ಎರಡು ಬಾರಿಸಿದೆ. ಅವ ಅಳಲಿಲ್ಲ, ಹಿಟ್ಟು ಹತ್ತಿದ ಆ ಕುಲಾಯಿನ ತಗೊಂಡು ತನ್ನ ತಲಿಗೆ ಹಾಕ್ಕೊಂಡು ನನ್ನ ಮಾರಿ ನೋಡಿಕೋತ ನಿಂತ, ಅದು ಅವನ ತಲಿಗೆ ಅರ್ಧಾನೂ ಇಳೀಲಿಲ್ಲ. ಆ ಮಾರಿ ನನಗ ಇವತ್ತಿಗೂ ಕಣ್ಣಮುಂದ ಐತಿ. ನಿನ್ನ ಮಗಳು ತೊಟ್ಟಿಲ ಹತ್ತಿ ಕುಂದರೋದು ಅದ ಕುಲಾಯಿ ತಂಗಿ. ಚಡ್ಡಿಯೊಳಗ ಮಾಡೋದೂ ಅದ. ಕೂಸಾದ್ರ ಅವ್ವ ಎತ್ಕೋತಾಳ ಅಂತ ಆಕಿಗೆ ತಿಳದೈತಿ, ಅದಕ್ಕ ಕೂಸಾಗಾಕತ್ತಾಳ. ಆಕಿ ಕೆಟ್ಟಾಕಿ ಆಗಿಲ್ಲ.

ಹಂಗಾಗಿ ಬಚ್ಚಲದ ವಿಷಯಕ್ಕ ಬೈಯೋದು ಈಗ ಬಿಟ್ಟುಬಿಡು, ಚಡ್ಡಿ ಒದ್ದಿ ಆದ್ರ ಸುಮ್ನ ಬದಲಿಸು, ಒಂದೆರಡು ತಿಂಗಳಾಗ ತಾನ ದಾರಿಗೆ ಬರ್ತೈತಿ. ನೀ ದೊಡ್ಡಾಕಿ ಆಗೀದಿ ಅಲ್ಲ ಅನ್ನೋ ಮಾತು ದಿನಕ್ಕ ಎಷ್ಟು ಸಲ ಅಂತೀವಿ ಎಣಿಸಿ ನೋಡು, ಅದು ಆಕಿಗೆ ನೀ ಸರದು ನಿಲ್ಲು ಅಂದಂಗ ಕೇಳಸ್ತೈತಿ. ಅದರ ಬದ್ಲಿ ಆಕಿ ಕೈಗೆ ಕೆಲಸ ಕೊಡು. ನಾನು ಆಮ್ಯಾಲೆ ಕಲ್ತದ್ದು ಇದು: ರೊಟ್ಟಿ ಬಡಿಯಾಕ ಕುಂತಾಗ ಒಂದು ಸಣ್ಣ ಉಂಡಿ ಹಿಟ್ಟು, ಒಂದು ತಾಟು ಮಗ್ಗಲದಾಗ ಇಡೋದು, ಅವ ನನ್ನ ಜೋಡಿ ಪಟಪಟ ಬಡಿಯೋದು, ಅವನ ಆ ಡೊಂಕು ರೊಟ್ಟಿ ಕಡೀಕ ಬೇಯಿಸಿ ಅವನ ತಾಟಿಗೇ ಹಾಕೋದು. ಒಲಿ ಕಡೆ ಬರದಂಗ ನಡುವ ನೀ ಕುಂದ್ರು ಮತ್ತ. ಆ ಹತ್ತು ನಿಮಿಷ ಕೂಸು ಅತ್ತರೂ ಅತ್ತಿ ನೋಡ್ಕೊಳ್ಳಲಿ, ಮೊಣಕಾಲು ನೋವಿದ್ದರ ತೊಟ್ಟಿಲದ ಹಗ್ಗ ಕುಂತಲ್ಲೇ ಜಗ್ಗಬಹುದು. ಚಿವುಟಿದ್ರ ಕೈ ಹಿಡದು ನೋವಾಗ್ತೈತಿ ಅಂತ ಒಂದ ಮಾತು ಹೇಳಿ ಅಲ್ಲೇ ಬಿಡು, ಹೊಡೀಬ್ಯಾಡ. ಆದ್ರ ಒಂದು ನೆನಪಿಡು, ಈ ವಯಸ್ಸಿನ ಹುಡುಗಿನ ಕೂಸುಗಳ ಜೋಡಿ ಒಂದು ಗಳಿಗಿನೂ ಒಬ್ಬಾಕಿನ ಬಿಡಬ್ಯಾಡ. ರೊಟ್ಟಿ ಚೂರು ಆಕಿ ಪ್ರೀತಿಗೆ ಇಟ್ಟಾಳ, ಕೂಸಿನ ಉಸಿರಿಗೆ ಅದು ಗೊತ್ತಾಗಂಗಿಲ್ಲ. ನಮ್ಮ ಕಡೆ ಮನಿತುಂಬ ಶೇಂಗಾ ಬಿದ್ದಿರ್ತಾವು, ಇಡೀ ಶೇಂಗಾ ಕಾಳು ನಿನ್ನ ದೊಡ್ಡಾಕಿ ಗಂಟಲಿಗೂ ಅಪಾಯ, ಪುಡಿ ಮಾಡಿ ಕೊಡು. ಮೊಲಿ ಕುಡಿಸಾಕ ಕುಂದ್ರೋವಾಗ ಆಕಿಗಂತ ಒಂದು ಬುಟ್ಟಿ ಇಟ್ಟಿರು, ಆವಾಗಷ್ಟ ತಗಿಯೋದು. ಕೊಪ್ಪಳ ಕಡೆ ಹೋದವರು ಕಿನ್ನಾಳದ ಕಟಗಿ ಗೊಂಬಿ ತಂದ್ರ ಅದನ್ನ ಹಾಕು, ಭಾಳ ಹಗುರ ಇರ್ತಾವು, ಬಣ್ಣ ಇರ್ತೈತಿ ಹಂಗಾಗಿ ಬಾಯಿಗೆ ಹಾಕ್ಕೊಳ್ಳೋ ಕೂಸುಗಳ ಕೈಗೆ ಮಾತ್ರ ಬ್ಯಾಡ.

ಇನ್ನ ಹಾಲಿನ ಮಾತು. ನನಗೂ ದವಾಖಾನ್ಯಾಗ ಒಬ್ಬ ಸಿಸ್ಟರ್ ಮೂರನೇ ದಿನಕ್ಕ ಎರಡಕ್ಕ ಸಾಲಂಗಿಲ್ಲ ಬಾಟ್ಲಿ ತರಿಸು ಅಂದುಬಿಟ್ಟಿದ್ಲು, ಆ ಮಾತಿಗೆ ನಾನು ಎಂಟು ದಿನ ಅತ್ತೀನಿ. ಹಾಲು ಕೊಡದಾಗ ತುಂಬಿಟ್ಟ ನೀರಲ್ಲ ತಂಗಿ, ಕೂಸು ಎಷ್ಟು ಜಗ್ಗತೈತೋ ಅಷ್ಟು ಬರ್ತೈತಿ, ಎರಡು ಜಗ್ಗಿದ್ರ ಎರಡಕ್ಕ ಬರ್ತೈತಿ. ಮ್ಯಾಲಿನ ಹಾಲು ಹಾಕಿದಷ್ಟು ಮೊಲಿ ಜಗ್ಗೋದು ಕಡಿಮಿ, ಅಲ್ಲಿಂದ ಬತ್ತಾಕ ಶುರು. ಸಾಲಾಕತ್ತೈತೋ ಇಲ್ಲೋ ಅನ್ನೋದನ್ನ ಓಣಿ ಮಂದಿ ಬಾಯಾಗ ನೋಡಬ್ಯಾಡ, ಒದ್ದಿ ಬಟ್ಟಿ ಎಣಿಸು: ಒಂದೊಂದು ಕೂಸು ದಿನಕ್ಕ 6 ಸಲ ಅಥವಾ ಹೆಚ್ಚಿಗಿ ಉಚ್ಚಿ ಹೊಯ್ದು, ತಿಂಗಳ ತಿಂಗಳ ಅಂಗನವಾಡ್ಯಾಗ ತೂಕ ಏರಾಕತ್ತಿದ್ರ ಸಾಲಾಕತ್ತೈತಿ ಅಂತ. ತಾಯಿ ಕಾರ್ಡಿನ್ಯಾಗ ತೂಕದ ಗೆರಿ ಮ್ಯಾಲೆ ಹೊಂಟಿದ್ರ ಸಾಕು. ತೂಕ ನಿಂತ್ರ ಡಾಕ್ಟರ್ ಕಡೆ ಹೋಗು, ಅವರು ಪುಡಿ ಹಾಲು ಬೇಕು ಅಂದ್ರ ಕೊಡು, ಅದ್ರಾಗ ತಪ್ಪೇನಿಲ್ಲ, ಆಕಳ ಹಾಲು ಎಮ್ಮಿ ಹಾಲು ಮಾತ್ರ ವರ್ಷ ತುಂಬೋತನ ಕುಡಿಯಾಕ ಬ್ಯಾಡ. ನೀರೂ 6 ತಿಂಗಳತನ ಬ್ಯಾಡ. ನಮ್ಮ ಜಿಲ್ಲಾದ ಬಿಸಿಲು 40 ಡಿಗ್ರಿ ದಾಟ್ತೈತಿ ನಿಜ, ಆದ್ರ ಎದಿ ಹಾಲಿನ್ಯಾಗ 100ಕ್ಕ 87-88 ಪಾಲು ನೀರ ಇರ್ತೈತಿ, ಬಿಸಿಲಿಗೆ ಕೂಸು ಇನ್ನೂ ಎರಡು ಸಲ ಹೆಚ್ಚಿಗಿ ಕುಡೀತೈತಿ ಅಷ್ಟ. ನೀರು ಬೇಕಾಗಿರೋದು ನಿನಗ, ಕುಡಿಸಾಕ ಕುಂದ್ರೋವಾಗೆಲ್ಲಾ ಮಗ್ಗಲಕ್ಕ ಒಂದು ಚರಗಿ ಇರಲಿ. ಹೆರಿಗಿ ಆಗಿ 6 ತಿಂಗಳತನ ಅಂಗನವಾಡಿ ಮಾತೃಪೂರ್ಣ ಊಟ ನಿನ್ನ ಹಕ್ಕು, ಸಂಕೋಚ ಮಾಡ್ಕೋಬ್ಯಾಡ.

ನಿದ್ದಿ. ಎರಡರ ಗಡಿಯಾರ ಒಂದ ಮಾಡು. ಒಂದು ಹಸಿವಿಗೆ ಎದ್ರ ಅದಕ್ಕ ಕುಡಿಸಿ ಇನ್ನೊಂದು ಮಲಗಿದ್ರೂ ಮೆಲ್ಲಕ ಎಬ್ಬಿಸಿ ಕುಡಿಸು, ಅಯ್ಯೋ ಪಾಪ ಮಲಗೇತಿ ಅನ್ಬ್ಯಾಡ, ಮೊದಲ ವಾರ ನಿನಗ ಕಷ್ಟ ಅನಸ್ತೈತಿ ಆಮ್ಯಾಲೆ ಎರಡೂ ಹತ್ತಿರ ಹತ್ತಿರ ಏಳಾಕ ಹತ್ತತಾವು. ಕೈ ಕುದುರಿದಮ್ಯಾಲೆ ಎರಡನ್ನೂ ಕೂಡೇ ಕುಡಿಸಬಹುದು, ಎರಡು ಕಡೆ ದಿಂಬು ಇಟ್ಕೊಂಡು ಕೂಸಿನ ಕಾಲು ನಿನ್ನ ಬಗಲದಿಂದ ಹಿಂದಕ್ಕ ಬರೋಹಂಗ ಹಿಡಿ, ತಲಿ ನಿನ್ನ ಅಂಗೈಯಾಗ. ಮಲಗಿಸೋದು ಬ್ಯಾರೆ ಬ್ಯಾರೆ, ಅಂಗಾತ, ಒಂದ ಸೀರಿ ಜೋಳಗಿಯೊಳಗ ಎರಡನ್ನೂ ಹಾಕೋದು ಬ್ಯಾಡ.

ಮತ್ತ ನಿಮ್ಮ ಮನಿಯವರಿಗೆ ಈ ಪುಟ ಓದಿಸು. ತಮ್ಮಾ, ನೀ ಮಿಲ್ಲಿನ್ಯಾಗ 12 ತಾಸು ಚೀಲದ ನಡುವ ನಿಂತು ದಣದು ಬರ್ತೀದಿ, ಗೊತ್ತೈತಿ. ಆದ್ರೂ ರಾತ್ರಿ 9ರಿಂದ 1ರತನ ಮನಿ ನಿಂದು ಆಗಬೇಕು. ಆಕಿ 9ಕ್ಕ ಕುಡಿಸಿ ಬ್ಯಾರೆ ಖೋಲಿಯೊಳಗ ಹೋಗಿ ಮಲಗಲಿ, ನಡುವ ಕೂಸು ಎದ್ರ ಹಿಂಡಿಟ್ಟ ಹಾಲು ವಾಟಿ ಚಮಚದಿಂದ ನೀ ಕುಡಿಸು, ಹೆಗಲಿಗೆ ಹಾಕ್ಕೊಂಡು ತೇಗು ಬರಿಸು, ಬಟ್ಟಿ ಬದಲಿಸು. ಹಾಲು ಹಿಂಡಿದ ಕೂಡ್ಲೇ ಫ್ರಿಜ್ಜಿನ್ಯಾಗ ಇಡ್ರಿ, ನಮ್ಮ ಬ್ಯಾಸಗ್ಯಾಗ ಹೊರಗ ಇಡೋದು ಬ್ಯಾಡ, ಒಂದು ದಿನದೊಳಗ ಬಳಸಿಬಿಡ್ರಿ, ಕುಡಿಸೋವಾಗ ಬಿಸಿನೀರಿನ್ಯಾಗ ವಾಟಿ ಇಟ್ಟು ಬೆಚ್ಚಗ ಮಾಡ್ರಿ, ಒಲಿ ಮ್ಯಾಲೆ ಇಡಬ್ಯಾಡ್ರಿ. ಆ 4 ತಾಸು ಒಂದ ಗುಕ್ಕಿನ್ಯಾಗ ನಿದ್ದಿ ಆದ್ರ ಬಾಣಂತಿ ಮಾರಿನ ಬ್ಯಾರೆ ಆಗ್ತೈತಿ, ನೋಡೀನಿ ನಾನು.

ತಂಗಿ, ಕೂಸು 36 ವಾರಕ್ಕ ಹುಟ್ಟ್ಯಾವು ಅಂದ್ರ 4 ವಾರ ಮುಂಚೆ. ಕುತ್ತಿಗಿ ನಿಲ್ಲೋದು, ಮಗ್ಗಲಾಗೋದು ಇಂಥಾವನ್ನ ಆ 4 ವಾರ ಕಳದು ಎಣಿಸು, ಅಂದ್ರ ನಿನ್ನ ಕೂಸುಗಳು ಈಗ ಎರಡೂವರಿ ತಿಂಗಳಿನವು ಅಂತ ತಿಳಕೋ. ಚುಚ್ಚುಮದ್ದಿಗೆ ಮಾತ್ರ ಕಳಿಯಂಗಿಲ್ಲ, ಹುಟ್ಟಿದ ದಿನದ ಲೆಕ್ಕಾನ, 6, 10, 14 ವಾರ, 14 ವಾರದ್ದು ಆಗೇತೇನು ಕಾರ್ಡ್ ತಗದು ನೋಡು, ತವರಿಂದ ಇಲ್ಲಿಗೆ ಬರೋ ಗದ್ದಲದಾಗ ಇದ ತಪ್ಪೋದು.

ಕಡೀ ಮಾತು, ನೀ ಕಡೀಕ ಬರ್ದೀದಿ, ನಾನು ಅದನ್ನ ಕಡೀಕ ಇಟ್ಟಿಲ್ಲ, ಮನಸಿನ್ಯಾಗ ಮೊದಲಿಂದ ಇಟ್ಕೊಂಡೀನಿ. ಹೆರಿಗಿ ಆದ ಮೊದಲ ವಾರ ಎರಡು ವಾರ ಅಳು ಬರೋದು ಭಾಳ ಮಂದಿಗೆ ಐತಿ. ಮೂರೂವರಿ ತಿಂಗಳಾದ್ರೂ ದಿನಾ ರಾತ್ರಿ ಅಳು ಬರ್ತೈತಿ ಅಂದ್ರ ಅದಕ್ಕ ಔಷಧ ಐತಿ, ಮಾತಿನ ಚಿಕಿತ್ಸಾನೂ ಐತಿ, ಹಾಲು ಕುಡಿಸೋರಿಗೆ ನಡಿಯೋ ಗುಳಗಿನೂ ಅದಾವ. ನಿನ್ನ ಗುಣದ ದೋಷ ಅಲ್ಲ ಅದು. 14416 ಟೆಲಿ ಮನಸ್, ಮನಸಿನ ಆರೋಗ್ಯಕ್ಕ ಸರಕಾರದ ಸಹಾಯವಾಣಿ, ಪುಕ್ಕಟೆ ನಂಬರ್, ಹಗಲು ರಾತ್ರಿ ಇರ್ತೈತಿ, ಕನ್ನಡದಾಗ ಮಾತಾಡ್ತಾರ. ಇವತ್ತ ಹಚ್ಚು. ಆಶಾ ಕಾರ್ಯಕರ್ತೆ ಮನಿಗೆ ಬಂದಾಗ ಕೂಸಿನ ಸುದ್ದಿ ಒಂದ ಹೇಳಬ್ಯಾಡ, ನಿನ್ನ ಸುದ್ದಿನೂ ಹೇಳು. ಜೀವಾನ ಬ್ಯಾಡ ಅನಿಸಿದ್ರ, ಕೂಸಿಗೆ ಏನರ ಮಾಡಿಬಿಡ್ತೀನೇನೋ ಅಂತ ಅಂಜಿಕಿ ಬಂದ್ರ ಒಬ್ಬಾಕಿನ ಇರಬ್ಯಾಡ, ಅತ್ತಿನ ಎಬ್ಬಿಸು, ಗಂಡನ್ನ ಎಬ್ಬಿಸು, ಸೀದಾ ದವಾಖಾನಿಗೆ ನಡಿ.

ಪ್ರಶ್ನೆ: ಮೇಡಂ, ನಾನು ಗಂಗಾವತಿಯಿಂದ, ಮೂರು ಮಕ್ಕಳ ತಂದೆ. ಅವಳಿ ಹೆಣ್ಣು ಕೂಸುಗಳಿಗೆ 8 ತಿಂಗಳು, ದೊಡ್ಡ ಮಗನಿಗೆ 3 ವರ್ಷ. ಒಬ್ಬಾಕಿಗೆ ಭೇದಿ ಹತ್ತಿದ್ರ ಎರಡು ದಿನದಾಗ ಮೂವರಿಗೂ ಬರ್ತೈತಿ. ಮನ್ಯಾಗ ಹಿರೇರು ಹೊಟ್ಟಿ ಖಾಲಿ ಬಿಡ್ರಿ ಅಂತಾರ. ಏನು ಮಾಡ್ಬೇಕು?

ಉತ್ತರ: ತಮ್ಮಾ, ಹೊಟ್ಟಿ ಖಾಲಿ ಬಿಡಬ್ಯಾಡ. ಮೊಲಿ ಹಾಲು ನಿಲ್ಲಿಸಬ್ಯಾಡ್ರಿ, ಅನ್ನ ಹೆಸರುಬ್ಯಾಳಿ ಮೆತ್ತಗ ಮಾಡಿ ಸ್ವಲ್ಪ ಸ್ವಲ್ಪ ಹಾಕಿಕೋತ ಇರ್ರಿ. ಓಆರ್‌ಎಸ್ ದೊಡ್ಡ ಪ್ಯಾಕೆಟ್ ಒಂದು ಪೂರ್ತಿ 1 ಲೀಟರ್ ಕಾಸಿ ಆರಿಸಿದ ನೀರಿಗೆ, ಅರ್ಧ ಪ್ಯಾಕೆಟ್ ಅರ್ಧ ಚರಗಿಗೆ ಅಂತ ಅಂದಾಜಿಲೆ ಹಾಕಬ್ಯಾಡ್ರಿ, 24 ತಾಸಾದಮ್ಯಾಲೆ ಉಳದದ್ದು ಚೆಲ್ಲಿ ಹೊಸಾದು ಕಲಿಸ್ರಿ. ಚಮಚದಿಂದ ಗುಟುಕು ಗುಟುಕು. ಅದರ ಜೋಡಿ ಜಿಂಕ್ ಗುಳಗಿ, 6 ತಿಂಗಳ ಮ್ಯಾಲಿನವರಿಗೆ ದಿನಕ್ಕ 20 ಮಿಲಿಗ್ರಾಂ, 14 ದಿನ, ಭೇದಿ ಮೂರನೇ ದಿನಕ್ಕ ನಿಂತ್ರೂ 14 ದಿನ ಮುಗಿಸ್ರಿ. ಎರಡೂ ಆಶಾ, ಅಂಗನವಾಡಿ, ಪ್ರೈಮರಿ ಹೆಲ್ತ್ ಸೆಂಟರ್‌ನ್ಯಾಗ ಪುಕ್ಕಟೆ ಸಿಗ್ತಾವು. ಕಣ್ಣು ಒಳಗ ಹೋದ್ರ, ಕೂಸು ಕುಡಿಯಾಕ ಆಗಲಾರದಂಗ ಸುಸ್ತಾದ್ರ, ಹೇಲಿನ್ಯಾಗ ರಕ್ತ ಕಂಡ್ರ 108ಕ್ಕ ಫೋನ್ ಮಾಡಿ ದವಾಖಾನಿಗೆ ಒಯ್ಯಿರಿ. ಮೂವರಿಗೂ ಹಬ್ಬೋದು ಕೈಯಿಂದ. ಒಂದು ಕೂಸಿನ ಬಟ್ಟಿ ತೊಳದು ಹಂಗ ಇನ್ನೊಂದರ ಬಾಯಿಗೆ ತುತ್ತು ಇಡ್ತೀವಿ, ಎರಡಿದ್ದ ಮನ್ಯಾಗ ಅವಸರ ಅಂಥಾದ್ದು. ಬಚ್ಚಲ ಬಾಗಿಲಕ್ಕ ಒಂದು ದಾರ ಕಟ್ಟಿ ಸಾಬೂನು ತೂಗಬಿಡ್ರಿ, ಹುಡುಕೋದು ತಪ್ಪಿದ್ರ ತೊಳಿಯೋದು ತಪ್ಪಂಗಿಲ್ಲ, ನಿಮ್ಮ ದೊಡ್ಡ ಮಗನಿಗೂ ಕೈಗೆ ಸಿಗೋ ಎತ್ತರಕ್ಕ ಇರಲಿ.

ಪ್ರಶ್ನೆ: ಬಳ್ಳಾರಿಯಿಂದ ಬರಿಯಾಕತ್ತೀನವ್ವ, ನಾನು ಅಜ್ಜಿ. ಮಗನ ಜೋಡು ಕೂಸಿಗೆ 2 ತಿಂಗಳು. ಗುಟ್ಟಿ ತೇಯ್ದು ಜೇನಿನ್ಯಾಗ ಹಾಕ್ತೀನಿ ಅಂದ್ರ ಸೊಸಿ ಬ್ಯಾಡ ಅಂತಾಳ, ಕಣ್ಣಿಗೆ ಕಾಡಿಗಿನೂ ಬ್ಯಾಡಂತ. ನಾನು ನಾಕು ಮಕ್ಕಳನ್ನ ಹಂಗ ಬೆಳಸೀನಿ. ನನಗ ಈ ಮನ್ಯಾಗ ಏನು ಕೆಲಸ ಉಳೀತು?

ಉತ್ತರ: ದೊಡ್ಡವ್ವಾರೆ, ನಿಮ್ಮ ಕೈಗೆ ನಾಕು ಮಕ್ಕಳು ಬೆಳದಾವ, ಆ ಕೈಗೆ ನಾನು ಶರಣು ಮಾಡೇ ಹೇಳ್ತೀನಿ, ಜೇನು ಒಂದು ವರ್ಷತನ ಬ್ಯಾಡ್ರಿ. ಜೇನಿನ್ಯಾಗ ಒಮ್ಮೊಮ್ಮೆ ಒಂದು ಸೂಕ್ಷ್ಮಜೀವಿ ಬೀಜ ಇರ್ತೈತಿ, ನಮಗ ಏನೂ ಮಾಡಂಗಿಲ್ಲ, ಎಳೆ ಕೂಸಿನ ಕರುಳಿನ್ಯಾಗ ಮೊಳತು ವಿಷ ಆಗಿ ಕೈಕಾಲಿನ ಶಕ್ತಿ ತಗೀತೈತಿ. ಗುಟ್ಟಿ ತೇಯೋ ಕಲ್ಲು, ನೀರು, ಬೆರಳು ಎಲ್ಲಾದರ ಹೊಲಸೂ ಹೊಟ್ಟಿಗೆ ಹೋಗ್ತೈತಿ, 6 ತಿಂಗಳತನ ಮೊಲಿ ಹಾಲು ಬಿಟ್ಟು ಏನೂ ಬ್ಯಾಡ್ರಿ. ಕಾಡಿಗಿ ಕಣ್ಣೊಳಗ ಬ್ಯಾಡ, ದೃಷ್ಟಿ ಬೊಟ್ಟು ಅಂಗಾಲಿಗೆ ಇಡ್ರಿ, ಅದನ್ನ ಸೊಸಿ ಬ್ಯಾಡ ಅನ್ನಂಗಿಲ್ಲ, ಅಂದ್ರ ನಾನು ಹೇಳೀನಿ ಅನ್ರಿ.

ಕೆಲಸ ಏನು ಉಳೀತು ಅಂತ ಕೇಳಿದ್ರಿ. ಎಣ್ಣಿ ತಿಕ್ಕಿ ನೀರು ಹಾಕೋದು ನಿಮ್ಮಷ್ಟು ಛಲೋ ಯಾರಿಗೆ ಬರ್ತೈತ್ರಿ, ಕಾಲು ಚಾಚಿ ಕುಂತು ಕೂಸನ್ನ ಕಾಲಮ್ಯಾಲೆ ಮಲಗಿಸ್ಕೊಂಡು ತಿಕ್ಕೋದು ಈಗಿನ ಹುಡುಗ್ಯಾರಿಗೆ ಅಂಜಿಕಿ. ಮೂಗು ಕಿವಿಯೊಳಗ ಎಣ್ಣಿ ಬಿಡಬ್ಯಾಡ್ರಿ ಅಷ್ಟ. ಒಂದಕ್ಕ ನೀರು ಹಾಕಿ ಮುಗಿಸೋದ್ರಾಗ ಇನ್ನೊಂದು ಚೀರತಿರ್ತೈತಿ, ಅದನ್ನ ಸೊಸಿಗೆ ಕೊಟ್ಟು ಈ ಎರೆದ ಕೂಸನ್ನ ಬಟ್ಟ್ಯಾಗ ಸುತ್ತಿ ಎದಿಗೆ ಹಾಕ್ಕೊಂಡು ಜೋಗುಳ ಹಾಡ್ರಿ. ಎರೆದ ಕೂಸು ಎರಡು ತಾಸು ಏಳಂಗಿಲ್ಲ, ಆ ಎರಡು ತಾಸಿನ್ಯಾಗ ಸೊಸಿನ ಮಲಗಾಕ ಕಳಸ್ರಿ.